ವಂದನಾರ್ಪಣೆ ನಿಂದೇ ಕಣೋ

ಭಾನುವಾರ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಹತ್ತಿರ ನಾವು ನಾಲ್ಕು ಜನ ವಾಕಿಂಗ್ ಮಾಡುತ್ತೇವೆ. ಅಂದರೆ ಮೊದಲನೇ ಖಾಲಿ ಬೆಂಚು ಸಿಗುವವರೆಗೆ ಮಾಡುತ್ತೇವೆ. ಆಮೇಲೆ ಕೂರುತ್ತೇವೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ ಇದು. ಪುಣ್ಯಾತ್ಮರು ಏನೋ ಒಳ್ಳೇದಾಗಲಿ ಅಂತ ಕಟ್ಟಿಸಿದರು, ನಾವು ಹರಟೆಗೆ ಬಳಸುತ್ತಿದ್ದೇವೆ.

ಆವತ್ತು ಜವರ ತಡವಾಗಿ ಬಂದ. ಮುಖ ಬಾಡಿತ್ತು.

“ಮಗಳು ಒಂದು ಪ್ರಶ್ನೆ ಕೇಳಿಬಿಟ್ಟಳು ಕಣ್ರೋ. ರಾತ್ರಿಯೆಲ್ಲ ನಿದ್ದೆ ಇಲ್ಲ.”

ಅವನ ಮಗಳು ಎಂ.ಎಸ್ಸಿ.ಗೆ ಸೇರಿ ಒಂದು ತಿಂಗಳಾಯಿತು. ಅದೇ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಕ್ಯಾಂಪಸ್. ಮೂವತ್ತು ವರ್ಷದ ಹಿಂದೆ ನಾವೂ ಅಲ್ಲೇ ಎರಡು ವರ್ಷ ಕಳೆದಿದ್ದು.

“ಯಾರನ್ನಾದರೂ ಇಷ್ಟಪಟ್ಟಿದ್ದಾಳಾ?” ಸೀನ ಮೆಲ್ಲಗೆ ಕೇಳಿದ.

“ಅಷ್ಟೇ ಆಗಿದ್ದರೆ ನಿದ್ದೆ ಮಾಡುತ್ತಿದ್ದೆ. ‘ಅಪ್ಪಾ, ನೀನು ಕ್ಯಾಂಪಸ್‌ನಲ್ಲಿ ಯಾವ ಯಾವ ಆ್ಯಕ್ಟಿವಿಟಿಯಲ್ಲಿ ಇದ್ದೆ?’ ಅಂತ ಕೇಳಿದಳು. ಎಲ್ಲದರಲ್ಲೂ ಇದ್ದೆ ಅಂದೆ. ‘ಒಂದು ಉದಾಹರಣೆ ಹೇಳು’ ಅಂದಳು.”

ಎಲ್ಲರೂ ಸುಮ್ಮನಾದೆವು. ಕೆರೆ ನಡುವಿನ ಒಣಮರದ ಮೇಲೆ ಒಂದು ಹೆಜ್ಜಾರ್ಲೆ ಕತ್ತು ಒಳಗೆಳೆದುಕೊಂಡು ಕೂತಿತ್ತು. ಮುಖ್ಯ ಅತಿಥಿಗಳು ತಮ್ಮ ಸರದಿಗೆ ಕಾಯುವ ಹಾಗೇ.

“ಎಲೆಕ್ಷನ್‌ಗೆ ನಿಂತಿದ್ದೆ ಅನ್ನು,” ಅಂದ ಸೀನ.

“ಯಾವ ಎಲೆಕ್ಷನ್? ನಾವು ಬರುವ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಅದು ನಿಂತೇ ಹೋಗಿತ್ತಲ್ಲ,” ಅಂದಳು ಶೋಭಾ. “ಆಮೇಲೆ ಬಂದ ನಿಯಮ ಆಗಲೇ ಇದ್ದಿದ್ದರೆ ಇವನು ನಿಲ್ಲುವ ಹಾಗೂ ಇರಲಿಲ್ಲ. 2006ರಲ್ಲಿ ಲಿಂಗ್ಡೋ ಸಮಿತಿ ವಿದ್ಯಾರ್ಥಿ ಚುನಾವಣೆಗೆ ನಿಯಮ ಬರೆಯಿತು. ಒಬ್ಬ ಅಭ್ಯರ್ಥಿ 5,000 ರೂಪಾಯಿಗಿಂತ ಜಾಸ್ತಿ ಖರ್ಚು ಮಾಡಬಾರದು. ಹಾಜರಾತಿ ಶೇ. 75 ಇರಬೇಕು.”

“ಐದು ಸಾವಿರ ಹೇಗೋ ಹೊಂದಿಸಬಹುದು,” ಅಂದ ಜವರ. “ಎಪ್ಪತ್ತೈದು ಎಲ್ಲಿಂದ ತರೋದು?”

ನಮ್ಮಲ್ಲಿ ಆಯ್ಕೆಯ ವಿಧಾನವೇ ಬೇರೆ ಇತ್ತು. ಕ್ಲಾಸಿಗೆ ಯಾರು ಬಂದಿಲ್ಲವೋ ಅವರ ಹೆಸರನ್ನು ಎಲ್ಲರೂ ಸೇರಿ ಸೂಚಿಸೋದು. ಬಂದಿಲ್ಲದವನು ಬೇಡ ಅನ್ನುವ ಹಾಗಿಲ್ಲವಲ್ಲ. ಸಂಘಕ್ಕೆ ಪದಾಧಿಕಾರಿಗಳನ್ನು ಆರಿಸುವ ದಿನ ನಾನು ನೀರು ಕುಡಿಯಲು ಹೊರಗೆ ಹೋಗಿದ್ದೆ. ಬಾಯಿ ಒರೆಸಿಕೊಂಡು ವಾಪಸ್ ಬರುವಷ್ಟರಲ್ಲಿ ಜಂಟಿ ಕಾರ್ಯದರ್ಶಿ ಆಗಿದ್ದೆ. ಜಂಟಿ ಕಾರ್ಯದರ್ಶಿ ಏನು ಮಾಡಬೇಕು ಅಂತ ಕೇಳಿದೆ. “ವಂದನಾರ್ಪಣೆ ನಿಂದೇ ಕಣೋ,” ಅಂದರು.

ಆಮೇಲೆ ಎರಡು ವರ್ಷ ವಂದನಾರ್ಪಣೆ ನಂದೇ. ಪ್ರಾರ್ಥನೆಗೆ ಹಾಡು ಬರುವ ಹುಡುಗಿ ಬೇಕು. ಸ್ವಾಗತಕ್ಕೆ ಇಸ್ತ್ರಿ ಷರ್ಟು ಇರುವವನು ಬೇಕು. ನಿರೂಪಣೆಗೆ ಅ-ಕಾರ ಹ-ಕಾರ ಸರಿಯಾಗಿ ಬರಬೇಕು. ನಮ್ಮ ಬ್ಯಾಚಿನಲ್ಲಿ ನಿರೂಪಣೆ ಮಾಡುತ್ತಿದ್ದವನು ಬೈಲುಕುಪ್ಪೆಯಿಂದ ಬಂದಿದ್ದ ಟಿಬೆಟನ್ ಹುಡುಗ. ಪಿರಿಯಾಪಟ್ಟಣದ ಸೀಮೆಯಲ್ಲೇ ಹುಟ್ಟಿ ಬೆಳೆದವನು. ಅವನ ಕನ್ನಡ ಕೇಳಿದ ಮೇಷ್ಟ್ರು ನಮ್ಮ ಕಡೆ ತಿರುಗಿ “ನೀವೆಲ್ಲ ಯಾವ ದೇಶದವರಪ್ಪಾ?” ಅಂತ ಕೇಳಿದ್ದರು. ವಂದನಾರ್ಪಣೆಗೆ ಮಾತ್ರ ಯಾವ ಅರ್ಹತೆಯೂ ಬೇಡ. ಅಷ್ಟು ಹೊತ್ತಿಗೆ ಯಾರೂ ಕೇಳಿಸಿಕೊಳ್ಳುತ್ತಿರೋದಿಲ್ಲ.

“ಸಾಹಿತ್ಯ ಚಟುವಟಿಕೆ ಅನ್ನು,” ಅಂತ ಸೀನ ಎರಡನೇ ದಾರಿ ತೋರಿಸಿದ. “ನಮ್ಮ ಭಿತ್ತಿಪತ್ರಿಕೆ ಇರಲಿಲ್ವಾ?”

ಶೋಭಾ ನಕ್ಕಳು. ನಮ್ಮ ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೆ ಅಂದರೆ ದೊಡ್ಡ ಪರಂಪರೆಯೇ ಇದೆ. 1916ರಲ್ಲಿ ನಾಲ್ವಡಿಯವರು ಶುರು ಮಾಡಿದಾಗ ಇದ್ದದ್ದು ಎರಡೇ ಕಾಲೇಜು, ಮೈಸೂರಿನ ಮಹಾರಾಜ ಮತ್ತು ಬೆಂಗಳೂರಿನ ಸೆಂಟ್ರಲ್. ಮೂರೇ ವರ್ಷಕ್ಕೆ, 1919ರಲ್ಲಿ, ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು ‘ಪ್ರಬುದ್ಧ ಕರ್ನಾಟಕ’ ತಂದರು. ಕನ್ನಡದ ದೊಡ್ಡ ದೊಡ್ಡವರೆಲ್ಲ ಅದರಲ್ಲಿ ಬರೆದರು. ನಮ್ಮ ಭಿತ್ತಿಪತ್ರಿಕೆಯಲ್ಲಿ ಸೀನ ಬರೆದ.

ಒಂದು ಥರ್ಮೋಕೋಲ್ ಹಲಗೆ, ಅದರ ಮೇಲೆ ಬಣ್ಣದ ಹಾಳೆ, ನಾಲ್ಕು ಮೂಲೆಗೆ ಗುಂಡುಪಿನ್ನು. ಮೊದಲ ಸಂಚಿಕೆಗೆ ಏಳು ಕವನ ಬಂದವು. ಏಳರಲ್ಲಿ ಆರು ಮಳೆಯ ಬಗ್ಗೆ. ಆಗ ಮಾರ್ಚ್ ತಿಂಗಳು. ಆರೂ ಕವನ ಒಬ್ಬಳೇ ಹುಡುಗಿಗೆ ಬರೆದದ್ದು ಅಂತ ಇಡೀ ವಿಭಾಗಕ್ಕೆ ಗೊತ್ತಿತ್ತು. ಅವಳು ಯಾರು ಅನ್ನೋದರಲ್ಲಿ ಮಾತ್ರ ಆರು ಅಭಿಪ್ರಾಯ ಇತ್ತು. ಮಾರನೇ ದಿನ ಬಂದು ನೋಡಿದರೆ ಎಲ್ಲ ಕವನಗಳ ಮೇಲೂ ಕೆಂಪು ಶಾಯಿ. ‘ಹ್ರುದಯ’ ಹೊಡೆದುಹಾಕಿ ‘ಹೃದಯ’. ‘ಬಾವನೆ’ಗೆ ಒಂದು ಸೀಳು. ಸೀನನ ಕವನದ ಕೆಳಗೆ ಹತ್ತಕ್ಕೆ ಮೂರು ಅಂತ ಅಂಕ.

“ಆ ಕೆಂಪು ಪೆನ್ನು ಯಾರದು ಅಂತ ಇವತ್ತಿಗೂ ಪತ್ತೆಯಾಗಲಿಲ್ಲ,” ಅಂದ ಸೀನ. ದನಿಯಲ್ಲಿ ಇನ್ನೂ ನೋವಿತ್ತು.

“ನಂದು,” ಅಂದಳು ಶೋಭಾ.

ಸೀನ ಅವಳ ಕಡೆ ನೋಡಿದ. ಮೂವತ್ತು ವರ್ಷ ಪ್ರತಿ ಭಾನುವಾರ ಪಕ್ಕದಲ್ಲೇ ಕೂತವಳು.

“ಮೂರು ಕೊಟ್ಟಿದ್ದೇ ಜಾಸ್ತಿ ಕಣೋ. ಬರವಣಿಗೆ ದುಂಡಗಿತ್ತು ಅಂತ ಕೊಟ್ಟೆ.”

ಸ್ವಲ್ಪ ಹೊತ್ತು ಆ ಕಡೆ ಯಾರೂ ಮಾತಾಡಲಿಲ್ಲ. ಕಡಲೆಕಾಯಿ ಪೊಟ್ಟಣ ಕೈಯಿಂದ ಕೈಗೆ ಹೋಯಿತು. ಸೀನ ತನ್ನ ಪಾಲು ತೆಗೆದುಕೊಳ್ಳಲಿಲ್ಲ. ಎರಡನೇ ಸುತ್ತಿಗೆ ತೆಗೆದುಕೊಂಡ.

“ಎನ್ನೆಸ್ಸೆಸ್?” ಅಂದೆ ನಾನು.

“ಅದು ಹೇಳಬಹುದು,” ಅಂದ ಜವರ ಚುರುಕಾಗಿ. ಡಿಗ್ರಿಯಲ್ಲಿ ಅವನು ಸ್ವಯಂಸೇವಕ. ರಾಷ್ಟ್ರೀಯ ಸೇವಾ ಯೋಜನೆ ಶುರುವಾದದ್ದು 1969ರಲ್ಲಿ, ಗಾಂಧೀಜಿಯ ನೂರನೇ ವರ್ಷಕ್ಕೆ. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಜೊತೆಗೆ ಹಳ್ಳಿಯಲ್ಲಿ ಏಳು ದಿನ ಕ್ಯಾಂಪು. ಜವರ ಹೋದದ್ದು ತನ್ನೂರಿನ ಪಕ್ಕದ ಹಳ್ಳಿಗೆ. ಮೊದಲನೇ ದಿನ ಚರಂಡಿ ತೆಗೆಯಲು ಹಾರೆ ಹಿಡಿದ. ಸೋದರತ್ತೆ ನೀರಿಗೆ ಬಂದವರು ನೋಡಿಬಿಟ್ಟರು. “ಅಯ್ಯೋ ನನ್ನ ಕಂದಾ, ಓದಲಿ ಅಂತ ಕಳಿಸಿದರೆ ಊರ ಚರಂಡಿ ಬಾಚುಸ್ತವ್ರಲ್ಲಾ!” ಅಂತ ಹಾರೆ ಕಿತ್ತುಕೊಂಡು ಮನೆಗೆ ಎಳೆದುಕೊಂಡು ಹೋದರು. ಏಳು ದಿನವೂ ಜವರ ಅತ್ತೆ ಮನೆಯಲ್ಲಿ ಮುದ್ದೆ, ಅವರೆಕಾಳು ಸಾರು ಉಂಡ. ಅದೂ ಸೇವೆಯೇ. ಮಾಡಿದ್ದು ಅತ್ತೆ.

“ಅದನ್ನು ಹೇಳಬೇಡ,” ಅಂದಳು ಶೋಭಾ.

“ನನ್ನ ಮಗಳಿಗೆ ಗೊತ್ತು. ಅತ್ತೆಯೇ ಹೇಳಿದ್ದಾರೆ.”

ಹುಡುಗಿ ಮಾತ್ರ ಪಾದರಸ. ದಸರೆಗೆ ಮುಂಚೆ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ ನಡೆಯುತ್ತದಲ್ಲ, ಎಲ್ಲೆಲ್ಲಿಂದಲೋ ಕಾಲೇಜು ತಂಡಗಳು ಬಂದು ಕುಣಿಯುತ್ತವಲ್ಲ, ಅದನ್ನು ಒಂದು ದಿನವೂ ಬಿಡದೆ ನೋಡುತ್ತಾಳೆ. ಯುವಜನೋತ್ಸವಕ್ಕೆ ಮೈಮ್ ತಂಡ ಕಟ್ಟುತ್ತೇವೆ ಅಂತ ಓಡಾಡುತ್ತಿದ್ದಾಳೆ. ಮನೆಯಲ್ಲಿ ಊಟಕ್ಕೆ ಕರೆದರೆ ಕೈಸನ್ನೆಯಲ್ಲೇ ಬೇಡ ಅನ್ನುತ್ತಾಳಂತೆ. ಅಭ್ಯಾಸವೋ ಸಿಟ್ಟೋ ಅಂತ ಜವರನಿಗೆ ತಿಳಿಯುತ್ತಿಲ್ಲ.

“ಲೋ, ನಮ್ಮ ದೊಡ್ಡ ಕಾರ್ಯಕ್ರಮ ಇತ್ತಲ್ಲ!” ಸೀನ ತೊಡೆ ತಟ್ಟಿಕೊಂಡ. “ಅದನ್ನೇ ಹೇಳು.”

ನಾನು ಬೇಡ ಅಂದೆ. ಆದರೆ ಹರಟೆಯಲ್ಲಿ ಬೇಡ ಅಂದದ್ದೇ ಮೊದಲು ಬರೋದು.

ನಿವೃತ್ತ ಮೇಷ್ಟ್ರೊಬ್ಬರನ್ನು ಉಪನ್ಯಾಸಕ್ಕೆ ಕರೆದಿದ್ದೆವು. ಕೈಬರಹದ ಪೋಸ್ಟರು ಹಚ್ಚಿದ್ದೆವು. ಪೋಸ್ಟರಿನಲ್ಲಿ ಎಲ್ಲ ಇತ್ತು, ತಾರೀಖು ಮಾತ್ರ ಬಿಟ್ಟುಹೋಗಿತ್ತು. ಬರೆದವನು ಸೀನ. ಸಭಾಂಗಣದಲ್ಲಿ ನೂರೈವತ್ತು ಮಡಚುವ ಕಬ್ಬಿಣದ ಕುರ್ಚಿ ಹಾಕಿದೆವು. ಆ ಕುರ್ಚಿಗಳು ಬಿಚ್ಚುವಾಗ ಬೆರಳು ಕಚ್ಚುತ್ತಿದ್ದವು, ಮಡಚುವಾಗ ಚರ್ಮ ಕೀಳುತ್ತಿದ್ದವು. ಮೂರು ಗಂಟೆಗೆ ನೋಡಿದರೆ ಬಂದವರು ಹನ್ನೊಂದು ಜನ. ಮೇಷ್ಟ್ರು ಗೇಟಿನ ಹತ್ತಿರ ಬಂದಿದ್ದಾರೆ ಅಂತ ಸುದ್ದಿ.

“ಅರ್ಧ ಕುರ್ಚಿ ಎತ್ತಿಬಿಡಿ. ಉಳಿದದ್ದನ್ನು ದೂರ ದೂರ ಹಾಕಿ. ತುಂಬಿದ ಹಾಗೆ ಕಾಣುತ್ತೆ,” ಅಂತ ಸೀನ ಉಪಾಯ ಹೇಳಿದ.

ಹಾಗೇ ಮಾಡಿದೆವು. ಮೇಷ್ಟ್ರು ಬಾಗಿಲಲ್ಲಿ ನಿಂತು, ಒಂದೊಂದು ಮಾರು ದೂರದಲ್ಲಿ ಒಂಟಿ ಒಂಟಿಯಾಗಿ ಕೂತವರನ್ನು ನೋಡಿ, ದನಿ ತಗ್ಗಿಸಿ ಕೇಳಿದರು: “ಏನಪ್ಪಾ, ಪರೀಕ್ಷೆ ನಡೀತಿದೆಯಾ? ನಾನು ಹೊರಗೆ ಕೂರಲಾ?”

ಪಾಪ, ಒಂದು ಗಂಟೆ ಚೆನ್ನಾಗಿ ಮಾತಾಡಿದರು. ಈ ಜಾಗಕ್ಕೆ ಮಾನಸಗಂಗೋತ್ರಿ ಅಂತ ಹೆಸರಿಟ್ಟವರು ಕುವೆಂಪು, ಉಪಕುಲಪತಿ ಆಗಿದ್ದಾಗ. ಗಂಗೆ ಹುಟ್ಟುವ ಜಾಗ ಗಂಗೋತ್ರಿ, ಮನಸ್ಸಿನ ಗಂಗೆ ಹುಟ್ಟುವ ಜಾಗ ಇದು ಅಂತ ಅವರು ವಿವರಿಸುತ್ತಿದ್ದಾಗ ಹಿಂದಿನ ಬಾಗಿಲಿಂದ ಉಪ್ಪಿಟ್ಟಿನ ವಾಸನೆ ಒಳಗೆ ಬಂತು. ತಿಂಡಿಯ ಉಸ್ತುವಾರಿ ಜವರನದು. ಅವನು ಗೊತ್ತಿದ್ದೂ ಗೊತ್ತಿದ್ದೂ ಪಾತ್ರೆಯ ಮುಚ್ಚಳ ತೆಗೆದಿದ್ದ. ಪೋಸ್ಟರಿಗೆ ಆಗದ ಕೆಲಸ ಒಗ್ಗರಣೆಗೆ ಆಯಿತು. ಜನ ಬರಲು ಶುರುವಾದರು. ಬೇರೆ ವಿಭಾಗದವರು, ಲೈಬ್ರರಿಯಲ್ಲಿ ಮಲಗಿದ್ದವರು, ದಾರಿ ಕೇಳಲು ಬಂದವರು. ಭಾಷಣಕ್ಕೆ ಹನ್ನೊಂದು, ವಂದನಾರ್ಪಣೆ ಹೊತ್ತಿಗೆ ಅರವತ್ತು ದಾಟಿತು. ನನ್ನ ಜೀವನದಲ್ಲಿ ಅಷ್ಟು ದೊಡ್ಡ ಸಭೆ ಮತ್ತೆ ಸಿಗಲಿಲ್ಲ.

ಆ ಖುಷಿಯಲ್ಲಿ ನಾನು ಚೀಟಿ ಬಿಚ್ಚಿದೆ. ಇಪ್ಪತ್ತೇಳು ಹೆಸರು. ಕುರ್ಚಿ ಕೊಟ್ಟವರು, ಹೂವು ತಂದವರು, ಬೀಗದ ಕೈ ಕೊಟ್ಟವರು, ಲೋಟ ತೊಳೆದವರು. ಒಬ್ಬೊಬ್ಬರಿಗೂ ‘ಹೃತ್ಪೂರ್ವಕ’ ಅಂತ ಸೇರಿಸಿದೆ. “ಕೊನೆಯದಾಗಿ,” ಅಂದೆ. ಆ ಮಾತಿಗೇ ಕಾಯುತ್ತಿದ್ದ ಅರ್ಧ ಸಭೆ ಎದ್ದಿತು. ಅಷ್ಟರಲ್ಲಿ ‘ಟಕ್’ ಅಂತ ಶಬ್ದ. ಮೈಕು ಆಫ್.

ಮೂಲೆಯಲ್ಲಿ ಮೈಕ್‌ಸೆಟ್‌ನವನು ಕೈಕಟ್ಟಿ ನಿಂತಿದ್ದ. ಹತ್ತಿರ ಹೋದೆ.

“ಹೂವಿನವರ ಹೆಸರು ಹೇಳಿದಿರಿ ಸಾರ್,” ಅಂದ. “ಹೂವು ಸೈಕಲ್ ಬುಟ್ಟಿಯಲ್ಲಿ ಬಂತು. ಎರಡು ಹಾರ್ನ್ ಸ್ಪೀಕರು, ಒಂದು ಬ್ಯಾಟ್ರಿ ನನ್ನ ತಲೆ ಮೇಲೆ ಬಂತು.”

ಏನು ಹೇಳೋದು? ಒಂದು ತಟ್ಟೆ ಉಪ್ಪಿಟ್ಟು, ಜಾಸ್ತಿ ಕೇಸರಿಬಾತು ಕೊಟ್ಟೆ. ತಿಂದ. ಆದರೆ ಮೈಕು ಆನ್ ಮಾಡಲಿಲ್ಲ.

“ಮೇಷ್ಟ್ರ ಕಾರಿನದು ಬಿಟ್ಟೆಯಲ್ಲ,” ಅಂದಳು ಶೋಭಾ.

ಹೌದು, ಅದೊಂದು ಇದೆ. ಹೊರಡುವಾಗ ಮೇಷ್ಟ್ರ ಹಳೇ ಕಾರು ಸ್ಟಾರ್ಟ್ ಆಗಲಿಲ್ಲ. ನಾವು ಎಂಟು ಜನ ಹಿಂದಿನಿಂದ ತಳ್ಳಿದೆವು. ಹೊಟ್ಟೆ ತುಂಬ ಉಪ್ಪಿಟ್ಟು, ಮುಂದೆ ಏರು. ಮೇಷ್ಟ್ರು ಕಿಟಕಿಯಿಂದ ತಲೆ ಹೊರಗೆ ಹಾಕಿ ಕತೆ ಹೇಳಲು ಶುರು ಮಾಡಿದರು. ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳುತ್ತಿದ್ದ ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತಕ್ಕೆ ಹೊರಟರಂತೆ. ಹುಡುಗರು ಸಾರೋಟಿಗೆ ಹೂವು ಕಟ್ಟಿ, ಕುದುರೆ ಬಿಚ್ಚಿ, ತಾವೇ ರೈಲ್ವೆ ಸ್ಟೇಷನ್‌ವರೆಗೆ ಎಳೆದುಕೊಂಡು ಹೋದರಂತೆ.

“ಅಂಥ ಶಿಷ್ಯರು ಈಗಲೂ ಇದ್ದೀರಲ್ಲ!” ಅಂದರು ಮೇಷ್ಟ್ರು, ಕಣ್ಣಲ್ಲಿ ನೀರು.

“ಸಾರ್, ಬ್ರೇಕ್ ಬಿಡಿ,” ಅಂದ ಜವರ, ಹಿಂದಿನಿಂದ.

ಹ್ಯಾಂಡ್‌ಬ್ರೇಕ್ ಎಳೆದೇ ಇತ್ತು. ಕ್ಯಾಂಟೀನ್‌ವರೆಗೂ ಹಾಗೇ ತಳ್ಳಿದ್ದೆವು.

ನಾವು ನಗುತ್ತಿದ್ದಾಗಲೇ ಜವರನ ಫೋನ್ ರಿಂಗಾಯಿತು. ಮಗಳು. ಅವನು ಗಾಬರಿಯಲ್ಲಿ ಸ್ಪೀಕರ್ ಒತ್ತಿಬಿಟ್ಟ.

“ಅಪ್ಪಾ, ನಾಳೆ ಫ್ರೆಶರ್ಸ್ ಡೇ. ನಾನು ಮೈಮ್ ಪ್ರಾಕ್ಟೀಸ್‌ನಲ್ಲಿದ್ದೆ, ಅಷ್ಟರಲ್ಲಿ ಗ್ರೂಪಲ್ಲಿ ನನ್ನ ಹೆಸರು ಹಾಕಿಬಿಟ್ಟಿದ್ದಾರೆ. ವಂದನಾರ್ಪಣೆ ಅಂತೆ. ಏನು ಹೇಳ್ಬೇಕಪ್ಪಾ?”

ಜವರ ಒಂದೂ ಮಾತಾಡದೆ ಫೋನನ್ನು ನನ್ನ ಕೈಗೆ ಕೊಟ್ಟ. ನಾನು ಗಂಟಲು ಸರಿಮಾಡಿಕೊಂಡೆ.

“ಪೆನ್ನು ಹಾಳೆ ಇದೆಯಾ ಪುಟ್ಟಾ? ಮೊದಲನೇ ಹೆಸರು ಬರ್ಕೋ. ಮೈಕ್‌ಸೆಟ್‌ನವರು.”

“ಅಂಕಲ್, ಅವರ ಹೆಸರು ಗೊತ್ತಿಲ್ಲ.”

“ಈಗಲೇ ಹೋಗಿ ಕೇಳ್ಕೊಂಡು ಬಾ. ಫೋನ್ ಇಡಬೇಡ, ಕಾಯ್ತೀನಿ.”