ಪದ ಬೇಕು (ತುರ್ತು): ‘ವಿಂಟೇಜ್ ಟೈಪ್‌ರೈಟರ್’ ಎನ್ನಲು ಬೋರ್ಡಿನ ಮೇಲೆ ಏನು ಬರೆಸಲಿ?

ಕಲಬುರಗಿಯಿಂದ:

ಎಲ್ಲರಿಗೂ ನಮಸ್ಕಾರ. ನಾಳೆ ಮಧ್ಯಾಹ್ನದೊಳಗೆ ಪೇಂಟರ್‌ಗೆ ಅಕ್ಷರ ಬರೆದು ಕೊಡಬೇಕು, ಅದಕ್ಕೇ ಅವಸರ.

ನಾನು ಕೂಡಿಹಾಕಿರುವ ಹಳೆಯ ಟೈಪ್‌ರೈಟರ್‌ಗಳನ್ನು ಈ ಭಾನುವಾರ ಓಣಿಯ ಮಕ್ಕಳಿಗೂ ಹಿರಿಯರಿಗೂ ತೆರೆದಿಡುತ್ತಿದ್ದೇನೆ. ಗಾಜಿನ ಪೆಟ್ಟಿಗೆಯೊಳಗೆ ಇಡುವುದಿಲ್ಲ. ಬಂದವರು ತಾವೇ ಕಾಗದ ಏರಿಸಿ, ತಮ್ಮ ಹೆಸರು ತಾವೇ ಹೊಡೆದುಕೊಂಡು ಮನೆಗೆ ಒಯ್ಯಬೇಕು. ಇಂಗ್ಲಿಷ್ ಗೋದ್ರೆಜ್, ಕನ್ನಡ ರೆಮಿಂಗ್ಟನ್, ಒಂದು ಉರ್ದು ಮಷೀನು, ಮೂರನ್ನೂ ಒಂದೇ ಮೇಜಿನ ಮೇಲೆ ಇಡುತ್ತೇನೆ. ಇಂಗ್ಲಿಷು, ಕನ್ನಡದ ಕ್ಯಾರೇಜು (ಕಾಗದ ಹಿಡಿದು ಸರಿಯುವ ಭಾಗ) ಬಲದಿಂದ ಎಡಕ್ಕೆ ಸರಿದರೆ ಉರ್ದುವಿನದು ಎಡದಿಂದ ಬಲಕ್ಕೆ ಸರಿಯುತ್ತದೆ. ಇದನ್ನು ಮಕ್ಕಳು ಕಣ್ಣಾರೆ ನೋಡಬೇಕು ಎಂಬುದೇ ನನ್ನ ಆಸೆ.

ತೊಡಕು ಹೀಗಿದೆ. ‘ಬೆರಳಚ್ಚು ಯಂತ್ರಗಳ ಪ್ರದರ್ಶನ’ ಎಂದು ಒಂದು ಹಾಳೆಯಲ್ಲಿ ಬರೆದು ಓಣಿಯಲ್ಲಿ ತೋರಿಸಿದೆ. ಓದಿದವರಲ್ಲಿ ಹೆಚ್ಚಿನವರು ರೇಷನ್ ಅಂಗಡಿಯ ಹೆಬ್ಬೆಟ್ಟು ಮಷೀನು ಅಂದುಕೊಂಡರು. ಪೊಲೀಸರ ಬೆರಳಚ್ಚು ವಿಭಾಗದವರು ಬರುತ್ತಾರಾ ಎಂದೂ ಒಬ್ಬರು ಕೇಳಿದರು. ಹಾಗಾದರೆ ಯಾವ ಪದ? ‘ವಿಂಟೇಜ್’ಗೆ ಏನೆನ್ನಲಿ? ಇನ್ನೊಂದು ಸಣ್ಣ ಚೀಟಿ: ಕನ್ನಡ ಮಷೀನಿನ ‘ಡೆಡ್ ಕೀ’ಗಳ ಪಕ್ಕ ಏನು ಬರೆಯಲಿ?

ಬೀದರಿನಿಂದ:

ಬೆರಳಚ್ಚು ಯಂತ್ರ ಅಂತಲೇ ಬರೆಸಿ. ಬೆರಳಚ್ಚು, ಶೀಘ್ರಲಿಪಿ ಎಂದೇ ಸರ್ಕಾರಿ ಪರೀಕ್ಷೆ ನಡೆದಿದೆ, ಬೆರಳಚ್ಚುಗಾರ ಎಂದೇ ಹುದ್ದೆ ಇದೆ. ಓದಿದವರು ತಪ್ಪು ತಿಳಿದರು ಎಂದು ಪದ ಕೆಡುವುದಿಲ್ಲ.

‘ವಿಂಟೇಜ್’ ಮಾತ್ರ ದಯವಿಟ್ಟು ಬೇಡ. ಅದರ ಮೂಲ ಲ್ಯಾಟಿನ್ನಿನ ‘ವಿಂಡೇಮಿಯಾ’, ಅಂದರೆ ದ್ರಾಕ್ಷಿ ಕೊಯ್ಲು. ಇಂಥ ವರ್ಷದ ದ್ರಾಕ್ಷಿ, ಇಂಥ ವರ್ಷದ ಮದ್ಯ ಎನ್ನುವಲ್ಲಿಂದ ಅದು ಹಳೆಯ ಕಾರು, ಹಳೆಯ ಬಟ್ಟೆಗೆ ಹಬ್ಬಿತು. ಕಬ್ಬಿಣದ ಮಷೀನಿಗೆ ದ್ರಾಕ್ಷಿ ತೋಟದ ಮಾತು ನಮಗೆ ಯಾಕೆ? ‘ಪ್ರಾಚೀನ’ ಎಂದರೆ ಶಾಸನದ ಕಾಲ ನೆನಪಾಗುತ್ತದೆ, ಅದೂ ಸಲ್ಲದು. ‘ಹಳೆಯ’ ಸಾಕು.

ಶಹಾಪುರದಿಂದ:

‘ಹಳೆಯ’ ಸರಿ. ‘ಯಂತ್ರ’ ಸರಿಯಲ್ಲ. ಬೆರಳು ಕನ್ನಡ, ಅಚ್ಚು ಕನ್ನಡ, ಅವೆರಡರ ಹಿಂದೆ ಸಂಸ್ಕೃತದ ಬಾಲ ಯಾಕೆ ಬೇಕು? ‘ಒತ್ತಚ್ಚು’ ಎನ್ನಿ. ಒತ್ತಿದರೆ ಅಚ್ಚು ಬೀಳುವುದು ಒತ್ತಚ್ಚು. ಹೆಬ್ಬೆಟ್ಟಿನ ಗೊಂದಲವೂ ಹೋಗುತ್ತದೆ.

ಅಚ್ಚು ಸಂಸ್ಕೃತದ ‘ಅಕ್ಷ’ದಿಂದ ಬಂತು ಎಂದು ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಎರಡು ಅಚ್ಚುಗಳಿವೆ. ಬಂಡಿಯ ಅಚ್ಚು ‘ಅಕ್ಷ’ದ ತದ್ಭವ, ಒಪ್ಪುತ್ತೇನೆ. ಬೆಲ್ಲದ ಅಚ್ಚು, ಅಚ್ಚುಕೂಟದ ಅಚ್ಚು ಬೇರೆ. ಅದು ತಮಿಳು, ತೆಲುಗು, ಮಲಯಾಳಗಳಲ್ಲೂ ಇರುವ ದ್ರಾವಿಡ ಪದ. ಎರಡನ್ನು ಬೆರೆಸಬೇಡಿ.

ಬೀದರಿನಿಂದ:

ಯಾರೂ ಬೆರೆಸಿರಲಿಲ್ಲ. ‘ಒತ್ತಚ್ಚು’ ಇಲ್ಲಿಯವರೆಗೆ ಯಾರ ಬಾಯಲ್ಲೂ ಇಲ್ಲ. ಬೋರ್ಡು ಓದಿದವರಿಗೆ ಅರ್ಥ ಹೇಳಲು ಇನ್ನೊಂದು ಬೋರ್ಡು ಬರೆಸಬೇಕಾದೀತು.

ಸೇಡಂನಿಂದ:

ನಾನು ಟೈಪಿಂಗ್ ಕ್ಲಾಸ್ ನಡೆಸಿದಾಕಿ. ನಮ್ಮ ಕಡೆ ಹುಡುಗರು ಹುಡುಗಿಯರು ‘ಟೈಪ್ ಕಲೀಲಿಕ್ಕೆ ಹೋಗ್ತೀನಿ’ ಅಂತಿದ್ರು. ‘ಬೆರಳಚ್ಚು’ ಅಂಬೋದು ಅರ್ಜಿ ಫಾರಂ ಮ್ಯಾಲೆ, ಸರ್ಟಿಫಿಕೇಟ್ ಮ್ಯಾಲೆ ಮಾತ್ರ. ಜೂನಿಯರ್ ಆಯ್ತಾ, ಸೀನಿಯರ್ ಆಯ್ತಾ, ಸ್ಪೀಡ್ ಎಷ್ಟದ, ಇವೇ ಮಾತು. ಮಷೀನಿಗೆ ಮಷೀನು ಅಂತಿದ್ವಿ, ಇಲ್ಲಾ ಟೈಪ್‌ರೈಟರ್. ಮೂರನೇ ಹೆಸರು ನಾ ಕೇಳಿಲ್ಲ.

ಡೆಡ್ ಕೀ ವಿಷಯ. ಶಹಾಪುರದ ಅಣ್ಣಾವ್ರು ಇದಕ್ಕೊಂದು ಹೊಸ ಪದ ಕಟ್ಟೂದಕ್ಕಿಂತ ಮೊದಲು ಕೆಲಸ ತಿಳಕೋಬೇಕು. ಸಾದಾ ಕೀ ಹೊಡೆದ್ರ ಅಕ್ಷರ ಬಿದ್ದು ಕ್ಯಾರೇಜು ಒಂದು ಮನೆ ಸರೀತದ. ಕನ್ನಡದಾಗ ಅಕ್ಷರದ ಮ್ಯಾಲೆ, ಕೆಳಗ ಇನ್ನೊಂದು ಗುರುತು ಕೂಡಬೇಕಲ್ಲ, ಆವಾಗ ಕ್ಯಾರೇಜು ನಿಂತಲ್ಲೇ ನಿಲ್ಲಬೇಕು. ಅದಕ್ಕ ಕೆಲವು ಕೀಗಳು ಅಚ್ಚು ಒತ್ತತಾವ, ಕ್ಯಾರೇಜು ಸರಸಂಗಿಲ್ಲ. ಫ್ರೆಂಚ್ ಮಷೀನಿನಾಗ ಅಕ್ಷರದ ನೆತ್ತಿ ಮ್ಯಾಲಿನ ಗುರುತಿಗೂ ಇದೇ ಉಪಾಯ. ಹಂಗಾಗಿ ‘ಸತ್ತ ಕೀ’, ‘ಮೃತ ಕೀಲಿ’ ಅಂತ ಬರೀಬ್ಯಾಡ್ರಿ. ಕೆಟ್ಟು ಹೋಗ್ಯಾದ ಅಂತ ಮಕ್ಕಳು ಅದನ್ನ ಮುಟ್ಟೂದೇ ಇಲ್ಲ. ‘ಸರಿಸದ ಕೀ’ ಅನ್ರಿ.

ಶಹಾಪುರದಿಂದ:

ಅಕ್ಕಾವ್ರೆ, ‘ಸರಿಸದ’ ಬಹಳ ಚೆನ್ನಾಗಿದೆ, ತಕರಾರಿಲ್ಲ. ‘ಕೀ’ ಯಾಕೆ? ಕೀಲಿ ಇದೆ, ಕೀಲಿಮಣೆ ಇದೆ.

ಸೇಡಂನಿಂದ:

ನಮ್ಮಲ್ಲಿ ಕೀಲಿ ಅಂದ್ರ ಬಾಗಲಿಗೆ ಹಾಕೂದು. ತೆಗೆಯೋದು ಕೀಲಿಕೈ. ‘ಸರಿಸದ ಕೀಲಿ’ ಅಂತ ಬರೆದ್ರ ನಮ್ಮ ಮಂದಿ ಯಾವ ಪೆಟ್ಟಿಗಿ ಅಂತ ಹುಡುಕತಾರ. ಮತ್ತ ಕೀಲಿ ಸಂಸ್ಕೃತದ ‘ಕೀಲ’ ಅಲ್ಲೇನ್ರಿ?

ಬೀದರಿನಿಂದ:

ಅಕ್ಕಾವ್ರು ಹೇಳಿದ್ದು ಸರಿ. ಸಂಸ್ಕೃತ ಬೇಡ, ಇಂಗ್ಲಿಷ್ ಬೇಡ ಎನ್ನುವವರು ಈ ಜಿಲ್ಲೆಗಳ ಮಾತನ್ನು ಒಮ್ಮೆ ಜರಡಿ ಹಿಡಿದು ನೋಡಲಿ. ಕಾಗದ, ಶಾಯಿ, ಅರ್ಜಿ, ವಕೀಲ, ನಕಲು, ಸಹಿ, ಜಾಮೀನು: ಒಬ್ಬ ಟೈಪಿಸ್ಟ್ ಕೋರ್ಟಿನ ಮುಂದೆ ಕೂತು ಹೊಡೆಯುವ ಒಂದೊಂದು ಕಾಗದದ ಪದವೂ ಫಾರ್ಸಿ, ಅರಬ್ಬಿಯಿಂದ ಬಂದದ್ದು. ಅವನ್ನು ಹೊರಗಿಟ್ಟು ಒಂದು ಅರ್ಜಿ ಬರೆದು ತೋರಿಸಿ.

ಶಹಾಪುರದಿಂದ:

ಅವು ಆಡಳಿತ ಹೇರಿದ ಪದಗಳು. ನಿಜಾಮರ ಕಚೇರಿ ಉರ್ದುವಿನಲ್ಲಿ ನಡೆಯಿತು, ಜನ ಬೇರೆ ದಾರಿ ಇಲ್ಲದೆ ಕಲಿತರು. ಅದನ್ನು ನಿಯಮ ಮಾಡಬೇಡಿ.

ಬೀದರಿನಿಂದ:

ನಿಜಾಮರಿಗಿಂತ ಬಹಳ ಹಿಂದಿನ ಮಾತು ಇದು. ಬಹಮನಿಗಳು 1347ರಲ್ಲಿ ಕಲಬುರಗಿಯಿಂದ ಆಳಲು ತೊಡಗಿದರು, ಆಮೇಲೆ ಬೀದರ್ ಅವರ ರಾಜಧಾನಿಯಾಯಿತು. ಅವರ ಆಡಳಿತದ ಭಾಷೆ ಫಾರ್ಸಿ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರಿನಲ್ಲಿ. ಆರು ಶತಮಾನ ಬಾಯಲ್ಲಿದ್ದ ಪದಕ್ಕೆ ‘ಹೇರಿದ್ದು’ ಎನ್ನುವುದು ಆ ಪದ ಆಡಿದ ನಮ್ಮ ಹಿರಿಯರಿಗೆ ಮಾಡುವ ಅವಮಾನ.

ಕಲಬುರಗಿಯಿಂದ:

ಇಬ್ಬರಲ್ಲೂ ಕೈಮುಗಿದು ಕೇಳುತ್ತೇನೆ, ಜಗಳ ಬಿಟ್ಟು ಮಾತು ಬೋರ್ಡಿಗೆ ಬರಲಿ. ಪೇಂಟರ್ ಆಗಲೇ ಎರಡು ಸಲ ಫೋನ್ ಮಾಡಿದ.

ನನ್ನ ತೀರ್ಮಾನ ಹೇಳುತ್ತೇನೆ, ಕಾರಣವನ್ನೂ ಹೇಳುತ್ತೇನೆ. ಈ ಮಷೀನುಗಳು ನನಗೆ ಹೆಚ್ಚಾಗಿ ಸಿಕ್ಕದ್ದು ರದ್ದಿ ಅಂಗಡಿಗಳಲ್ಲಿ, ಕಬ್ಬಿಣದ ತೂಕದ ಬೆಲೆಗೆ. ಒಂದೊಂದನ್ನೂ ಬ್ರಷ್ಷು, ಸ್ಪಿರಿಟ್ ಹಿಡಿದು ತೊಳೆದು, ಅಂಟಿಕೊಂಡ ಅಚ್ಚಿನ ಕಡ್ಡಿಗಳನ್ನು (ಕೀ ಒತ್ತಿದಾಗ ಎದ್ದು ಬಂದು ಅಕ್ಷರ ಹೊಡೆಯುವವು) ಬಿಡಿಸಿದಾಗ, ಸಾಲಿನ ಕೊನೆ ಹತ್ತಿರವಾಗುತ್ತಲೇ ಗಂಟೆ ಹೊಡೆಯುತ್ತದಲ್ಲ, ಆ ಸದ್ದಿಗೆ ಆಗುವ ಖುಷಿ ಬೇರೆ ಯಾವುದರಲ್ಲೂ ನನಗೆ ಸಿಕ್ಕಿಲ್ಲ. ಆದರೆ ಒಬ್ಬನೇ ಕೂತು ಕೇಳಿದರೆ ಅದು ಅರ್ಧ ಖುಷಿ. ಹಳೆಯ ಎಷ್ಟೋ ಇಂಗ್ಲಿಷ್ ಮಷೀನುಗಳಲ್ಲಿ 1 ಎಂಬ ಅಂಕಿಯ ಕೀ ಇರುವುದೇ ಇಲ್ಲ, ಸಣ್ಣ ‘ಎಲ್’ ಹೊಡೆದರೆ ಅದೇ ಒಂದು. ಆಶ್ಚರ್ಯದ ಚಿಹ್ನೆಗೆ ಚುಕ್ಕೆ ಹೊಡೆದು, ಹಿಂದೆ ಸರಿಸಿ, ಮೇಲೆ ಒಂದು ಉದ್ಧರಣೆಯ ಗುರುತು ಹೊಡೆಯಬೇಕು. ರಿಬ್ಬನ್ನಿಗೆ ಮೂರು ನೆಲೆ: ಕಪ್ಪು, ಕೆಂಪು, ಇನ್ನೊಂದರಲ್ಲಿ ರಿಬ್ಬನ್ ಅಚ್ಚಿನ ದಾರಿಯಿಂದ ಪಕ್ಕಕ್ಕೆ ನಿಲ್ಲುತ್ತದೆ, ಬರಿ ಅಚ್ಚು ಮೇಣದ ಸ್ಟೆನ್ಸಿಲ್ ಹಾಳೆಯನ್ನು ಕೊರೆಯುತ್ತದೆ. ಕೊರೆದ ಹಾಳೆಯ ಮೂಲಕ ಶಾಯಿ ಒತ್ತಿ ಪ್ರತಿ ತೆಗೆಯುವ ಶಾಲೆಯ ಸೈಕ್ಲೋಸ್ಟೈಲ್ ಪ್ರಶ್ನೆಪತ್ರಿಕೆ ಹೀಗೆ ತಯಾರಾಗುತ್ತಿತ್ತು. ‘ಶಿಫ್ಟ್’ ಎನ್ನುವ ಪದ ಇವತ್ತು ಪ್ರತಿ ಕಂಪ್ಯೂಟರ್ ಮೇಲೂ ಇದೆ. 1878ರ ರೆಮಿಂಗ್ಟನ್ ಎರಡನೇ ಮಾದರಿಯಲ್ಲಿ ಅದನ್ನು ಒತ್ತಿದರೆ ಕ್ಯಾರೇಜು ನಿಜವಾಗಿಯೂ ಜಾಗ ಬದಲಿಸುತ್ತಿತ್ತು. ಕನ್ನಡಕ್ಕೆ ಕೀಲಿಮಣೆ ಹೊಂದಿಸಿದ ಕೆ. ಅನಂತಸುಬ್ಬರಾಯರು ಇಷ್ಟೊಂದು ಕಾಗುಣಿತ, ಒತ್ತಕ್ಷರಗಳನ್ನು ಅಷ್ಟೇ ಕಡ್ಡಿಗಳೊಳಗೆ ಹೇಗೆ ಕೂರಿಸಿದರು ಎಂಬುದು ಬಾಯಿಮಾತಿನಲ್ಲಿ ತಿಳಿಯುವುದಿಲ್ಲ, ಬೆರಳಿಟ್ಟಾಗಲೇ ತಿಳಿಯುತ್ತದೆ.

ಇದೆಲ್ಲ ಬಾಗಿಲ ಒಳಗೆ ಇದೆ. ಬೋರ್ಡಿನ ಕೆಲಸ ಜನರನ್ನು ಒಳಗೆ ಕರೆಯುವುದು. ಬಿಸಿಲಲ್ಲಿ ಹೋಗುತ್ತಿರುವವನು ಒಂದು ಪದಕ್ಕೆ ನಿಂತು ಯೋಚಿಸಬೇಕಾದರೆ ಅವನು ಮುಂದೆ ಹೋಗಿಬಿಡುತ್ತಾನೆ. ಆದ್ದರಿಂದ ನಾವು ಅಜ್ಜನನ್ನು ಕರೆಯುವ ಮಾತನ್ನೇ ಹಿಡಿದು ದೊಡ್ಡ ಅಕ್ಷರದಲ್ಲಿ ‘ಮುತ್ಯಾರ ಕಾಲದ ಟೈಪ್‌ರೈಟರ್‌ಗಳು’, ಕೆಳಗೆ ‘ಬರ್ರಿ, ಹೊಡೆದು ನೋಡ್ರಿ’. ಬೆರಳಚ್ಚು ಯಂತ್ರ ಎಂಬ ಪದವನ್ನು ಒಳಗೆ, ಮಷೀನಿನ ಪಕ್ಕ ಬರೆಯುತ್ತೇನೆ. ಅಲ್ಲಿ ವಸ್ತು ಕಣ್ಣೆದುರೇ ಇರುವುದರಿಂದ ಗೊಂದಲವಾಗದು. ಡೆಡ್ ಕೀಗೆ ಅಕ್ಕಾವ್ರ ‘ಸರಿಸದ ಕೀ’.

ಬೀದರಿನಿಂದ:

‘ಮುತ್ಯಾರ ಕಾಲದ’ ನಮ್ಮ ಕಡೆಯ ಮಾತು, ‘ಹಳೆಯ’ಕ್ಕಿಂತ ಮೇಲು. ಒಪ್ಪಿದೆ. ಉರ್ದು ಓದುವವರೂ ಬರುತ್ತಾರಲ್ಲ, ಅವರಿಗೂ ಒಂದು ಸಾಲು ಇರಲಿ. ಬರೆದು ಇಂದು ರಾತ್ರಿ ಕಳಿಸುತ್ತೇನೆ.

ಸೇಡಂನಿಂದ:

ಮಕ್ಕಳು ಎರಡು ಮೂರು ಕೀ ಕೂಡೇ ಹೊಡೆದು ಕಡ್ಡಿ ಸಿಗಸತಾರ. ಕೈಯಿಂದ ನಿಧಾನ ಬಿಡಸ್ರಿ. ಅಚ್ಚಿನ ಕಡ್ಡಿ ಕೂಡೋ ಸಂದಿಗಳಿಗೆ ಎಣ್ಣಿ ಮಾತ್ರ ಹಾಕಬ್ಯಾಡ್ರಿ, ಧೂಳು ಹಿಡದು ಅಲ್ಲೇ ಗಟ್ಟಿ ಆಗ್ತದ.

ಶಹಾಪುರದಿಂದ:

ಒಂದೇ ಮಾತು, ಆಮೇಲೆ ಸುಮ್ಮನಾಗುತ್ತೇನೆ. ಹೊರಗಿನ ಪದ ತರುವುದೇ ಆದರೆ ಕನ್ನಡದ ಉಕಾರ ಹಚ್ಚಿ ತನ್ನಿ. ಬಸ್ಸು, ಕಾರು, ರೈಲು ಆದ ಹಾಗೆ ಟೈಪ್‌ರೈಟರು ಆಗಲಿ, ಬಹುವಚನ ‘ಟೈಪ್‌ರೈಟರುಗಳು’. ಹಲಂತಕ್ಕೆ ‘ಗಳು’ ಅಂಟಿಸಿದ್ದನ್ನು ನನ್ನ ಕಿವಿ ಒಪ್ಪುವುದಿಲ್ಲ.

ಕಲಬುರಗಿಯಿಂದ:

ಒಪ್ಪಿದೆ ಅಣ್ಣಾವ್ರೆ. ನಾವೂ ಮಷೀನು, ಕ್ಯಾರೇಜು ಅಂತಲೇ ಆಡುವುದು. ಪೇಂಟರ್‌ಗೆ ‘ಟೈಪ್‌ರೈಟರುಗಳು’ ಎಂದು ತಿದ್ದಿ ಕಳಿಸಿದ್ದೇನೆ.