ಕೆನಡಾದ ಉತ್ತರದಲ್ಲಿ ಸೈನ್ಯ ನಿಲ್ಲಿಸಲು ಯಾಕೆ ಇಷ್ಟು ಕಷ್ಟ?

ಪೆರ್ಲದ ತೋಟದವ:

ನಮಸ್ಕಾರ ಎಲ್ಲರಿಗೂ. ನಾನು ಪೆರ್ಲದವನು, ಅಡಿಕೆ ಕೃಷಿ. ಅಕ್ಕನ ಮಗ ಕೆನಡಾದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದಾನೆ. ಟೊರೊಂಟೊದಲ್ಲಿ ಮೂರು ವರ್ಷ ಇದ್ದು ಈಗ ಇಕಲುಯಿಟ್ ಎಂಬ ಊರಿಗೆ ಹೋಗಿದ್ದಾನೆ. ನುನಾವುಟ್ ರಾಜ್ಯದ ರಾಜಧಾನಿ ಅದು. ಅಲ್ಲಿಗೆ ರಸ್ತೆಯೇ ಇಲ್ಲವಂತೆ, ಒಟ್ಟಾವಾದಿಂದ ಮೂರು ಗಂಟೆ ವಿಮಾನದಲ್ಲಿ ಹೋಗಬೇಕು. ಭಾರದ ಸಾಮಾನೆಲ್ಲ ಬೇಸಿಗೆಯಲ್ಲಿ ಹಡಗಿನಲ್ಲಿ ಬರುತ್ತದೆ, ಚಳಿಗಾಲದಲ್ಲಿ ಸಮುದ್ರವೇ ಗಟ್ಟಿ, ಆಗ ಹಾಲು ಬಟಾಟೆ ಕೂಡ ವಿಮಾನದಲ್ಲೇ.

ನನ್ನ ಸಂಶಯ ಇದು. 2025ರ ಫೆಬ್ರವರಿಯಲ್ಲಿ ವಿರೋಧ ಪಕ್ಷದ ಪಿಯೆರ್ ಪೊಯ್ಲಿಯೆವ್ ಇದೇ ಇಕಲುಯಿಟ್‌ಗೆ ಬಂದು, ಇಲ್ಲಿ ಕಾಯಂ ಸೈನಿಕ ನೆಲೆ ಕಟ್ಟುತ್ತೇನೆ ಅಂದರು. ಮುಂದಿನ ತಿಂಗಳೇ ಹೊಸ ಪ್ರಧಾನಿ ಮಾರ್ಕ್ ಕಾರ್ನಿ ಅದೇ ಊರಿಗೆ ಬಂದು ಆಸ್ಟ್ರೇಲಿಯಾದ ಜೊತೆ ಸೇರಿ 600 ಕೋಟಿ ಡಾಲರಿನ ರಾಡಾರ್ ಅಂದರು. ಆದರೆ ಅಳಿಯ ಹೇಳುವುದು, ಅಲ್ಲಿನ ಹಿರಿಯರು ಇದನ್ನೆಲ್ಲ ಹೆಚ್ಚು ನಂಬುವುದಿಲ್ಲವಂತೆ, ಇಂಥ ಮಾತು ತುಂಬ ವರ್ಷದಿಂದ ಕೇಳಿದ್ದಾರಂತೆ. ಕೆನಡಾ ಬಡ ದೇಶ ಅಲ್ಲ. ನಮ್ಮವರು ಸಿಯಾಚಿನ್‌ನಲ್ಲಿ 1984ರಿಂದ ನಿಂತಿದ್ದಾರೆ ಅಲ್ವಾ? ಅವರಿಗೆ ಯಾಕೆ ಆಗುವುದಿಲ್ಲ? ದುಡ್ಡಿನ ತೊಂದರೆಯಾ, ಚಳಿಯಾ, ರಾಜಕೀಯವಾ?

ಸುಮ್ನೆ ಕೇಳುತ್ತಿಲ್ಲ. ಅವನಿಗೆ ಇನ್ನೂ ಉತ್ತರಕ್ಕೆ, ರೆಸೊಲ್ಯೂಟ್ ಎಂಬ ಕಡೆ ಕೆಲಸಕ್ಕೆ ಕರೆ ಬಂದಿದೆ. ಸೈನ್ಯದ ಕಟ್ಟಡದ ಕೆಲಸ. ಅಕ್ಕ ದಿನಾ ನನ್ನ ಹತ್ತಿರ ಕೇಳುತ್ತಾಳೆ, ನನಗೆ ಉತ್ತರ ಗೊತ್ತಿಲ್ಲ.

ಮುಳ್ಳೇರಿಯ ಸುಬೇದಾರ್:

ತಮ್ಮಾ, ನಾನು ಸೇನೆಯಿಂದ ನಿವೃತ್ತನಾಗಿ ಹನ್ನೊಂದು ವರ್ಷ ಆಯಿತು. ಎರಡು ಸಲ ಲಡಾಖ್‌ನಲ್ಲಿ ಇದ್ದೆ, ಅದರಲ್ಲಿ ಮೂರು ತಿಂಗಳು ಸಿಯಾಚಿನ್ ಪೋಸ್ಟಿನಲ್ಲಿ. ಅದಕ್ಕೇ ಹೇಳುವುದು, ಆ ಹೋಲಿಕೆ ಸರಿ ಆಗುವುದಿಲ್ಲ. ಸಿಯಾಚಿನ್ ಹಿಮನದಿ 76 ಕಿ.ಮೀ. ಉದ್ದ. ಬೇಸ್ ಕ್ಯಾಂಪ್ ತನಕ ಲಾರಿ ಬರುತ್ತದೆ, ಹಿಂದೆ ಲೇಹ್ ಇದೆ, ಲೇಹ್ ಹಿಂದೆ ಇಡೀ ದೇಶ ಇದೆ. ಕೆನಡಾದ ಉತ್ತರದ ಕರಾವಳಿ ದ್ವೀಪಗಳೆಲ್ಲ ಸೇರಿ 1,62,000 ಕಿ.ಮೀ.! ನಮ್ಮ ದೇಶದ ಪೂರ್ತಿ ಕರಾವಳಿ ಹೊಸ ಅಳತೆಯಲ್ಲೂ ಸುಮಾರು ಹನ್ನೊಂದು ಸಾವಿರ. ಅಲ್ಲಿ ಸೈನಿಕರನ್ನು ಸಾಲಾಗಿ ನಿಲ್ಲಿಸುವ ಮಾತೇ ಇಲ್ಲ. ಒಂದು ಜಾಗದಲ್ಲಿ ಇದ್ದರೆ ಉಳಿದ ಸಾವಿರ ಜಾಗ ಖಾಲಿ.

ಚಳಿ ಹೇಗೆ ಅಂದರೆ, ನಾವು ರೈಫಲನ್ನು ಟೆಂಟಿನ ಒಳಗೆ ತರುತ್ತಿರಲಿಲ್ಲ. ಒಳಗಿನ ಬಿಸಿಗೆ ಬೆವರಿನ ಹಾಗೆ ನೀರು ಕೂರುತ್ತದೆ, ಮತ್ತೆ ಹೊರಗೆ ತಂದರೆ ಅದೇ ಮಂಜಾಗಿ ಬೋಲ್ಟ್ ಹಿಡಿದುಕೊಳ್ಳುತ್ತದೆ. ಎಣ್ಣೆ ಗಟ್ಟಿಯಾಗುತ್ತದೆ, ಬ್ಯಾಟರಿ ಸಾಯುತ್ತದೆ. ಅವರದ್ದೂ ಅದೇ ಪಾಡು. ಕೆನಡಿಯನ್ ರೇಂಜರ್ಸ್ ಅಂತ ಇದ್ದಾರೆ, ದೂರದ ಊರುಗಳ ಸ್ಥಳೀಯರದ್ದೇ ಅರೆಕಾಲಿಕ ಪಡೆ, 1947ರಲ್ಲಿ ಶುರು ಮಾಡಿದ್ದು, ದೇಶದಲ್ಲಿ ಸುಮಾರು 5,000 ಜನ. ಕೆಂಪು ಅಂಗಿ ಹಾಕುತ್ತಾರೆ. ಅವರ ಕೈಯಲ್ಲಿ ಎಪ್ಪತ್ತು ವರ್ಷ ಇದ್ದದ್ದು ಲೀ ಎನ್‌ಫೀಲ್ಡ್ .303, ನಮ್ಮ ಪೊಲೀಸರ ಹೆಗಲಲ್ಲಿ ನೀವೆಲ್ಲ ನೋಡಿದ ಅದೇ ಬಂದೂಕು. ಹಳೆಯದಾದರೂ ಆ ಚಳಿಯಲ್ಲಿ ಕೈಕೊಡದ ಬಂದೂಕು ಅದು. ಈಗ ಬದಲಾಗಿದೆ.

ಆಲರ್ಟ್ ಅಂತ ಒಂದು ಠಾಣೆ ಇದೆ, ಎಲ್ಸ್‌ಮಿಯರ್ ದ್ವೀಪದ ತುದಿಯಲ್ಲಿ, ಉತ್ತರ ಧ್ರುವಕ್ಕೆ ಅಲ್ಲಿಂದ 817 ಕಿ.ಮೀ. ಮಾತ್ರ. ಲೋಕದಲ್ಲಿ ವರ್ಷಪೂರ್ತಿ ಜನ ಇರುವ ಅತ್ಯಂತ ಉತ್ತರದ ಜಾಗ. ಅಕ್ಟೋಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ ಸೂರ್ಯ ಕಾಣುವುದಿಲ್ಲ. 1991ರ ಅಕ್ಟೋಬರ್ 30ರಂದು ಅಲ್ಲಿಗೆ ಸಾಮಾನು ತರುತ್ತಿದ್ದ ಹರ್ಕ್ಯುಲಿಸ್ ವಿಮಾನ ಕತ್ತಲೆಯಲ್ಲಿ ನೆಲಕ್ಕೆ ಬಡಿಯಿತು. ಒಳಗೆ 18 ಜನ. ಠಾಣೆ ಇಪ್ಪತ್ತು ಕಿ.ಮೀ. ಒಳಗೇ ಇತ್ತು. ಆದರೂ ಹಿಮಗಾಳಿಯಲ್ಲಿ ಅವರನ್ನು ತಲುಪಲು 30 ಗಂಟೆಗಿಂತ ಜಾಸ್ತಿ ಬೇಕಾಯಿತು. 5 ಜನ ತೀರಿಹೋದರು. ಪೈಲಟ್ ತನ್ನ ಬಟ್ಟೆ ಬೇರೆಯವರಿಗೆ ಕೊಟ್ಟು ಚಳಿಯಲ್ಲಿ ಸತ್ತ ಅಂತ ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ನಾವೂ ಅಂಥ ರಾತ್ರಿಗಳನ್ನು ಕಂಡವರು.

ಮಂಜೇಶ್ವರ ಟು ಒಟ್ಟಾವಾ:

ನಾನು ಇಲ್ಲಿಗೆ ಬಂದು ಹದಿನಾಲ್ಕು ವರ್ಷ ಆಯಿತು. ಸುಬೇದಾರ್ ಅಣ್ಣ ಹೇಳಿದ್ದು ಪೂರ್ತಿ ಸರಿ, ಆದರೆ ಚಳಿ ಎಲ್ಲ ಪಕ್ಷಕ್ಕೂ ಒಂದೇ. ಕೆಲಸ ನಿಲ್ಲುವುದು ರಾಜಕೀಯದಿಂದ. ಒಂದು ಸಣ್ಣ ತಿದ್ದುಪಡಿ, ನುನಾವುಟ್ ರಾಜ್ಯ ಅಲ್ಲ, ಟೆರಿಟರಿ. ನಮ್ಮ ಕೇಂದ್ರಾಡಳಿತ ಪ್ರದೇಶದ ಹಾಗೆ ಅಂದುಕೊಳ್ಳಿ. 1999ರ ಏಪ್ರಿಲ್ 1ರಂದು ಆದದ್ದು. ವಿಸ್ತೀರ್ಣ 20 ಲಕ್ಷ ಚದರ ಕಿ.ಮೀ.ಗಿಂತ ಜಾಸ್ತಿ, ಜನ ಸುಮಾರು 40,000. ನಮ್ಮ ಕಾಸರಗೋಡು ಪೇಟೆಯಲ್ಲೇ ಅದಕ್ಕಿಂತ ಜಾಸ್ತಿ ಜನ ಇದ್ದಾರೆ!

ಈಗ ವೋಟಿನ ಲೆಕ್ಕ ನೋಡಿ. ಸಂಸತ್ತಿನಲ್ಲಿ 343 ಸೀಟು. ಒಂಟಾರಿಯೊ 122, ಕ್ವಿಬೆಕ್ 78. ಉತ್ತರದ ಮೂರು ಟೆರಿಟರಿ, ಅಂದರೆ ದೇಶದ ನೆಲದಲ್ಲಿ ಹತ್ತರಲ್ಲಿ ನಾಲ್ಕು ಪಾಲು, ಅಲ್ಲಿಗೆ ಒಟ್ಟು 3. ಹಾಗಾಗಿ ಉತ್ತರದ ಬಗ್ಗೆ ಭಾಷಣ ಮಾಡುವುದು ಉತ್ತರದವರಿಗೆ ಅಲ್ಲ, ಟೊರೊಂಟೊದಲ್ಲಿ ಟಿವಿ ನೋಡುವವರಿಗೆ. ಹಡಗು ಕಟ್ಟುವ ಕೆಲಸವೂ ಹ್ಯಾಲಿಫ್ಯಾಕ್ಸ್‌ಗೆ, ವ್ಯಾಂಕೂವರ್‌ಗೆ, ಕ್ವಿಬೆಕ್‌ಗೆ ಹೋಗುತ್ತದೆ. ಒಂದು ದೊಡ್ಡ ಐಸ್‌ಬ್ರೇಕರ್ (ಮಂಜು ಒಡೆದು ಸಾಗುವ ಹಡಗು) 2008ರಲ್ಲಿ ಘೋಷಣೆ ಆಯಿತು, 2017ಕ್ಕೆ ಬರಬೇಕಿತ್ತು, ಬರಲಿಲ್ಲ. ಅಲ್ಲಿನ ಹಿರಿಯರು ಕೇಳಿದ ಹಳೇ ಮಾತು ಅಂತ ಅಳಿಯ ಹೇಳಿದ್ದು ಇದೆಯಲ್ಲ, ಅದು ನಾನಿಸಿವಿಕ್ ಇರಬೇಕು. 2007ರಲ್ಲಿ ಆಗಿನ ಪ್ರಧಾನಿ ಸ್ಟೀಫನ್ ಹಾರ್ಪರ್ ರೆಸೊಲ್ಯೂಟ್‌ಗೇ ಹೋಗಿ ಹೇಳಿದ್ದು, ಬ್ಯಾಫಿನ್ ದ್ವೀಪದ ಹಳೆಯ ಗಣಿ ಬಂದರಿನಲ್ಲಿ ನೌಕಾ ನೆಲೆ ಮಾಡುತ್ತೇವೆ ಅಂತ. ಖರ್ಚು ಏರಿತು, ಯೋಜನೆ ಕುಗ್ಗಿತು. ಎಣ್ಣೆ ಟ್ಯಾಂಕ್ ಬಿಸಿ ಮಾಡುವ ವ್ಯವಸ್ಥೆ ಬಿಟ್ಟರು, ಆದ್ದರಿಂದ ಬೇಸಿಗೆಯ ಕೆಲವೇ ವಾರ ಉಪಯೋಗ. 2024ರಲ್ಲೂ ಅದು ಸರಿಯಾಗಿ ಶುರುವಾಗಿರಲಿಲ್ಲ. ಅಷ್ಟರಲ್ಲಿ ಹಾರ್ಪರ್ ಹೋದರು, ಜಸ್ಟಿನ್ ಟ್ರುಡೊ ಬಂದು ಅವರೂ ಹೋಗುವ ಹೊತ್ತಾಯಿತು.

2022ರ ಜೂನ್‌ನಲ್ಲಿ ಆಗಿನ ರಕ್ಷಣಾ ಮಂತ್ರಿ ಅನಿತಾ ಆನಂದ್ (ಅವರ ತಂದೆ ತಮಿಳುನಾಡಿನವರು) ಅಮೆರಿಕದ ಜೊತೆಗಿನ ನೊರಾಡ್ ಎಂಬ ಜಂಟಿ ವಾಯುರಕ್ಷಣಾ ವ್ಯವಸ್ಥೆ ಸುಧಾರಿಸಲು 20 ವರ್ಷಕ್ಕೆ 3,860 ಕೋಟಿ ಡಾಲರ್ ಅಂದರು. ದೊಡ್ಡ ದುಡ್ಡು. ಆದರೆ 20 ವರ್ಷದಲ್ಲಿ ಇಲ್ಲಿ ಎಷ್ಟು ಚುನಾವಣೆ ಬರುತ್ತದೆ ಲೆಕ್ಕ ಹಾಕಿ. ಇನ್ನೊಂದು ಗಂಟು ಸಮುದ್ರದ ದಾರಿಯದ್ದು. ಉತ್ತರದ ದ್ವೀಪಗಳ ನಡುವಿನ ವಾಯವ್ಯ ಜಲಮಾರ್ಗ ತನ್ನದೇ ನೀರು ಅಂತ ಕೆನಡಾ ಹೇಳುತ್ತದೆ, ಅಮೆರಿಕ ಒಪ್ಪುವುದಿಲ್ಲ, ಎಲ್ಲರೂ ಹೋಗಬಹುದಾದ ಜಲಸಂಧಿ ಅನ್ನುತ್ತದೆ. 1985ರಲ್ಲಿ ಅವರ ಐಸ್‌ಬ್ರೇಕರ್ ಪೋಲಾರ್ ಸೀ ಕೇಳದೇ ದಾಟಿ ಹೋಯಿತು, ಆಗ ಇಲ್ಲಿ ದೊಡ್ಡ ಗಲಾಟೆ ಆಗಿತ್ತು. ಅಂದರೆ ಯಾರ ಜೊತೆ ಸೇರಿ ಕಾಯುತ್ತಾರೋ ಅವರ ಜೊತೆಯೇ ತಕರಾರು. ಡೊನಾಲ್ಡ್ ಟ್ರಂಪ್ ಕೆನಡಾವನ್ನು 51ನೇ ರಾಜ್ಯ ಅಂದ ಮೇಲೆ ಆ ಭಯ ಮನೆಮನೆಗೆ ಬಂತು.

ಅಂದಹಾಗೆ, 2022ರ ಮೇಯಲ್ಲಿ ಈ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದ ಚಂದ್ರ ಆರ್ಯ ಆಗ ನೇಪಿಯನ್ ಕ್ಷೇತ್ರದ ಸಂಸದರಾಗಿದ್ದರು. ಅದೇ ನೇಪಿಯನ್‌ನಿಂದ 2025ರಲ್ಲಿ ಕಾರ್ನಿ ಗೆದ್ದರು. ಆರ್ಯ ಅವರ ಆ ಭಾಷಣ ನಾನು ಎಷ್ಟು ಸಲ ಕೇಳಿದ್ದೇನೋ.

ಎಣ್ಮಕಜೆ ಟೀಚರ್:

ಎಲ್ಲರೂ ನೆಲೆ, ರಾಡಾರ್, ಹಡಗು ಅಂದಿರಿ. ಅಲ್ಲಿ ಸಾವಿರಾರು ವರ್ಷದಿಂದ ಇರುವ ಇನ್ಯೂಟ್ ಜನ ಒಂದು ಸಾಲಿನಲ್ಲಿ ಬಂದು ಹೋದರು. ನಾನು ಅವರ ಬಗ್ಗೆ ಹೇಳುತ್ತೇನೆ.

ಪೆರ್ಲದ ಅಣ್ಣಾ, ನಿಮ್ಮ ಅಳಿಯ ಹೋಗುವ ರೆಸೊಲ್ಯೂಟ್ ಊರು ಹೇಗೆ ಆಯಿತು ಗೊತ್ತಾ? 1953ರಲ್ಲಿ ಸರ್ಕಾರ ಕ್ವಿಬೆಕ್‌ನ ಇನುಕ್‌ಜುವಾಕ್‌ನಿಂದ ಇನ್ಯೂಟ್ ಕುಟುಂಬಗಳನ್ನು ಹಡಗು ಹತ್ತಿಸಿ ಸುಮಾರು 2,000 ಕಿ.ಮೀ. ಉತ್ತರಕ್ಕೆ ಒಯ್ದು ರೆಸೊಲ್ಯೂಟ್ ಮತ್ತು ಗ್ರೀಸ್ ಫಿಯರ್ಡ್‌ನಲ್ಲಿ ಇಳಿಸಿತು. ಒಳ್ಳೆ ಬೇಟೆ ಸಿಗುತ್ತದೆ, ಬೇಡವೆಂದರೆ ಎರಡು ವರ್ಷದಲ್ಲಿ ವಾಪಸ್ ಅಂತ ಮಾತು ಕೊಟ್ಟಿದ್ದರು. ವಾಪಸ್ ಕರೆತರಲಿಲ್ಲ. ಮೊದಲ ಚಳಿಗಾಲ ಟೆಂಟಿನಲ್ಲಿ, ಮಕ್ಕಳನ್ನು ಕಟ್ಟಿಕೊಂಡು, ತಿಂಗಳುಗಟ್ಟಲೆ ಕತ್ತಲೆ. ಈ ನೆಲ ಕೆನಡಾದ್ದು ಅಂತ ತೋರಿಸಲು ನಮ್ಮನ್ನು ಬಾವುಟದ ಕಂಬದ ಹಾಗೆ ನೆಟ್ಟರು ಎಂಬುದು ಆ ಕುಟುಂಬಗಳ ಮಾತು. ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ. ಅಷ್ಟು ಹೊತ್ತಿಗೆ ಹೋದವರಲ್ಲಿ ಎಷ್ಟು ಜನ ತೀರಿಹೋಗಿದ್ದರು.

ಇನ್ನು ರಾಡಾರ್. 1957ರಲ್ಲಿ ಡ್ಯೂ ಲೈನ್ ಅಂತ ಉತ್ತರದ ಉದ್ದಕ್ಕೂ ರಾಡಾರ್ ಸಾಲು ಮುಗಿಯಿತು, ರಷ್ಯಾದ ಬಾಂಬರ್ ಬಂದರೆ ತಿಳಿಯಲಿ ಅಂತ. ಆಮೇಲೆ ಬಿಟ್ಟು ಹೋದರು. ತುಕ್ಕು ಹಿಡಿದ ಡ್ರಮ್‌ಗಳು, ಪಿಸಿಬಿ ಎಂಬ ವಿಷ, ಎಲ್ಲ ಅಲ್ಲೇ. ಶುಚಿ ಮಾಡಲು ದಶಕಗಳು ಬೇಕಾದವು. ನಾನು ಎಂಡೋಸಲ್ಫಾನ್ ಸಿಂಪಡಿಸುವ ಹೆಲಿಕಾಪ್ಟರ್ ಶಬ್ದ ಕೇಳಿ ಬೆಳೆದವಳು. ಗೇರು ತೋಟದ ಮೇಲೆ ಬರುತ್ತಿತ್ತು, ನಾವು ಮಕ್ಕಳು ನೋಡಲು ಓಡುತ್ತಿದ್ದೆವು. ಇವತ್ತು ನನ್ನ ಕ್ಲಾಸಿನ ಪಕ್ಕದ ಮನೆಯಲ್ಲಿ ಮೂವತ್ತು ದಾಟಿದ ಹುಡುಗನನ್ನು ತಾಯಿ ಎತ್ತಿಕೊಂಡೇ ಇದ್ದಾಳೆ. ಮೇಲಿನಿಂದ ಬಂದದ್ದು ಒಳ್ಳೆಯದಕ್ಕೇ ಅಂತ ಹೇಳಿದವರು ಹೊರಟು ಹೋಗುತ್ತಾರೆ, ಮಣ್ಣಿನಲ್ಲಿ ಉಳಿದದ್ದನ್ನು ಅನುಭವಿಸುವವರು ಬೇರೆ. ಅಲ್ಲಿನ ಹಿರಿಯರು ಯಾಕೆ ನಂಬುವುದಿಲ್ಲ ಅಂದರೆ ನನಗೆ ಇದಕ್ಕಿಂತ ಬೇರೆ ಕಾರಣ ಬೇಡ.

ಮುಳ್ಳೇರಿಯ ಸುಬೇದಾರ್:

ಟೀಚರ್, ನೀವು ಬರೆದದ್ದು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆದರೂ ಒಂದು ಮಾತು ಹೇಳಬೇಕು. ಸೈನ್ಯವೇ ಬೇಡ ಅನ್ನುವ ಹಾಗಿಲ್ಲ. ಆ ಕಡೆ ರಷ್ಯಾ ಇದೆ, ಮಂಜು ಕರಗಿ ಹಡಗು ಜಾಸ್ತಿ ಆಗುತ್ತಿದೆ. ಇದೇ ಇಕಲುಯಿಟ್‌ನಲ್ಲಿ 2021ರ ಅಕ್ಟೋಬರ್‌ನಲ್ಲಿ ನಳ್ಳಿ ನೀರಿನಲ್ಲಿ ಎಣ್ಣೆ ಸೇರಿತು, ಊರಿಗೆ ಊರೇ ಕುಡಿಯುವ ಹಾಗಿರಲಿಲ್ಲ. ಆಗ ನೀರು ಶುದ್ಧ ಮಾಡುವ ಯಂತ್ರ ತಂದು ಕೊಟ್ಟದ್ದು ಸೈನ್ಯ.

ನನಗೆ ಬೇಸರ ಆಗುವುದು ರೇಂಜರ್‌ಗಳ ವಿಷಯದಲ್ಲಿ. ಮಂಜು ಎಲ್ಲಿ ಗಟ್ಟಿ, ಎಲ್ಲಿ ತೆಳು ಅಂತ ಕಣ್ಣಲ್ಲೇ ಹೇಳುವವರು ಅವರು. ದಕ್ಷಿಣದ ಸೈನಿಕ ಅವರಿಲ್ಲದೆ ಹತ್ತು ಹೆಜ್ಜೆ ಹಾಕಲಾರ. ಆದರೆ ಅವರು ಅರೆಕಾಲಿಕ, ಡ್ಯೂಟಿ ಇದ್ದ ದಿನಕ್ಕೆ ಮಾತ್ರ ಸಂಬಳ, ಹಿಮದ ಗಾಡಿಯೂ ಅವರದ್ದೇ. ನಮ್ಮಲ್ಲಿ ಲಡಾಖ್ ಸ್ಕೌಟ್ಸ್ ಕೂಡ ಸ್ಥಳೀಯರದ್ದೇ ಪಡೆ, ಕಾರ್ಗಿಲ್ ಯುದ್ಧದ ನಂತರ 2000ದಲ್ಲಿ ಅದನ್ನು ಪೂರ್ತಿ ರೆಜಿಮೆಂಟ್ ಮಾಡಿದರು. ಪೂರ್ತಿ ಸಂಬಳ, ಪಿಂಚಣಿ. ಅವರ ಜೊತೆ ನಡೆದವನು ನಾನು, ಅವರು ನಿಲ್ಲು ಅಂದ ಕಡೆ ನಿಂತದ್ದರಿಂದ ಇವತ್ತು ಬರೆಯುತ್ತಿದ್ದೇನೆ. ರೇಂಜರ್‌ಗಳ ಸಂಖ್ಯೆಯನ್ನು ಉತ್ತರದಲ್ಲಿ 2,000ದಿಂದ 4,000 ಮಾಡುತ್ತೇನೆ ಅಂದರು ಪೊಯ್ಲಿಯೆವ್. ಸಂಖ್ಯೆ ಇರಲಿ, ಮೊದಲು ಇರುವವರ ಕೈ ಗಟ್ಟಿ ಮಾಡಲಿ.

ಮಂಜೇಶ್ವರ ಟು ಒಟ್ಟಾವಾ:

ಟೀಚರಕ್ಕಾ, ಒಪ್ಪಿದೆ. ನಾನು ಸೀಟಿನ ಲೆಕ್ಕದಲ್ಲೇ ಉಳಿದುಬಿಟ್ಟೆ. ಇಲ್ಲಿ ಇನ್ಯೂಟ್ ನಾಯಕರು ಕೇಳುವುದೂ ಇದನ್ನೇ. ಮನೆ ಸಾಲುವುದಿಲ್ಲ, ಒಂದು ಮನೆಯಲ್ಲಿ ಎರಡು ಮೂರು ಸಂಸಾರ. ಸೈನ್ಯಕ್ಕೆ ರನ್‌ವೇ, ಬಂದರು, ಕರೆಂಟು ಮಾಡುವಾಗ ಅದು ಊರಿಗೂ ಉಪಯೋಗಕ್ಕೆ ಬರುವ ಹಾಗೆ ಮಾಡಿ ಅನ್ನುತ್ತಾರೆ. 2024ರ ಏಪ್ರಿಲ್‌ನ ರಕ್ಷಣಾ ನೀತಿಯಲ್ಲಿ ಆ ಮಾತು ಸೇರಿದೆ. ಕಾಗದದಲ್ಲಿ ಸೇರಿದ್ದು ನೆಲದಲ್ಲಿ ಆಗುವ ತನಕ ಬಿಡಬಾರದು. ಪೆರ್ಲದ ಅಣ್ಣಾ, ಅಳಿಯನಿಗೆ ಬೇಕಾದರೆ ನನ್ನ ನಂಬರ್ ಖಾಸಗಿ ಸಂದೇಶದಲ್ಲಿ ಕೊಡುತ್ತೇನೆ. ಚಳಿ ಬಟ್ಟೆ ಇಲ್ಲಿಂದಲೇ ತೆಗೆದುಕೊಂಡು ಹೋಗಲಿ, ಅಲ್ಲಿ ಬೆಲೆ ಕೈ ಸುಡುತ್ತದೆ.

ಪೆರ್ಲದ ತೋಟದವ:

ಎಲ್ಲರಿಗೂ ತುಂಬ ಉಪಕಾರ ಆಯಿತು. ನಿನ್ನೆ ರಾತ್ರಿ ಅಳಿಯನ ಜೊತೆ ಒಂದು ಗಂಟೆ ಮಾತಾಡಿದೆ. ಟೀಚರ್ ಬರೆದ 1953ರ ವಿಷಯ ಓದಿ ಹೇಳಿದೆ, ಅವನಿಗೆ ಗೊತ್ತಿರಲಿಲ್ಲ. ಅವನ ಜೊತೆ ಕೆಲಸ ಮಾಡುವ ಒಬ್ಬ ಇನ್ಯೂಟ್ ಹುಡುಗ ರೇಂಜರ್ ಅಂತೆ, ಹೋದ ವಾರ ಕವಾಯತಿಗೆ ಸ್ವಂತ ಹಿಮಗಾಡಿಯಲ್ಲೇ ಹೋದದ್ದಂತೆ. ಇವನನ್ನೂ ಒಂದು ಭಾನುವಾರ ಮಂಜಿನ ಮೇಲೆ ಮೀನು ಹಿಡಿಯಲು ಕರೆದುಕೊಂಡು ಹೋಗಿದ್ದನಂತೆ, ನಾನು ಕಾಲಿಟ್ಟ ಕಡೆಯೇ ಕಾಲಿಡು ಅಂದಿದ್ದನಂತೆ.

ಅವನು ಹೋಗುವುದು ಅಂತ ತೀರ್ಮಾನ ಮಾಡಿದ್ದಾನೆ. ಜುಲೈಯಲ್ಲಿ, ಕತ್ತಲೆ ಶುರುವಾಗುವ ಮೊದಲು ವಾಪಸ್. ಅಕ್ಕ ಫೋನ್ ತೆಗೆದುಕೊಂಡು ಕೇಳಿದ್ದು ಒಂದೇ, ಅಲ್ಲಿ ಕುಡಿಯುವ ನೀರು ಸರಿ ಉಂಟಾ ಮಗಾ ಅಂತ. ಉಂಟು ಅಮ್ಮ ಅಂದ. ಮಂಜೇಶ್ವರದ ಅಣ್ಣ, ನಂಬರ್ ಕಳಿಸಿ.