ಬೊಜ್ಜು ಬಂದ ಕುದುರೆಗೆ ‘ಮೇವು ಕಡಿಮೆ ಮಾಡಿ’ ಎನ್ನಬಹುದೇ? ಕೆಲವು ಪದಗಳ ವಿಚಾರ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಸುತ್ತ ಸವಾರಿಗೆಂದೋ ಪ್ರೀತಿಗೆಂದೋ ಒಂದೆರಡು ಕುದುರೆ, ತಟ್ಟುಗಳನ್ನು ಸಾಕಿರುವವರಿಗಾಗಿ ಕನ್ನಡದಲ್ಲಿ ಒಂದು ಕಿರುಹೊತ್ತಗೆಯನ್ನು ಸಿದ್ಧಪಡಿಸುತ್ತಿದ್ದೇನೆ. ಚಯಾಪಚಯದ ತೊಂದರೆಯಿಂದ ಬೊಜ್ಜು ಬೆಳೆದ ಕುದುರೆಗಳಿಗೆ ಏನನ್ನು, ಎಷ್ಟು, ಹೇಗೆ ತಿನ್ನಿಸಬೇಕು ಎಂಬುದು ಅದರ ವಿಷಯ. ಕೆಲವು ಪದಗಳ ಬಳಿ ಬರವಣಿಗೆ ನಿಂತುಹೋಗಿದೆ. ಓದಿದವರು ತಪ್ಪಾಗಿ ತಿಳಿದುಕೊಂಡರೆ ನರಳುವುದು ಕುದುರೆಯಾದ್ದರಿಂದ, ಬಲ್ಲವರ ಅಭಿಪ್ರಾಯ ಕೇಳದೆ ಮುಂದುವರಿಯಲು ಮನಸ್ಸು ಒಪ್ಪುತ್ತಿಲ್ಲ.

ಮೊದಲನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ‘ಮೇವು’ ಎಂಬ ಪದವೇ. ಇಂಥ ಕುದುರೆಗೆ ಪಶುವೈದ್ಯರು ಹೇಳುವ ಕ್ರಮವೆಂದರೆ, ಪಿಷ್ಟ ಮತ್ತು ಸಕ್ಕರೆಯಂಶ ಹೆಚ್ಚಿರುವ ಕಾಳು, ಬೂಸಾ, ಬೆಲ್ಲಗಳನ್ನು ನಿಲ್ಲಿಸಿ, ಒಣಹುಲ್ಲನ್ನು ತೂಗಿ ಕೊಡುವುದು. ಸಾಮಾನ್ಯವಾಗಿ ದಿನಕ್ಕೆ ದೇಹತೂಕದ ಶೇ. 1.5ರಷ್ಟು ಒಣ ಪದಾರ್ಥ (ನೀರಿನಂಶ ಕಳೆದು ಉಳಿಯುವ ತೂಕ), ಅಂದರೆ 300 ಕಿಲೋ ತೂಗುವ ತಟ್ಟುವಿಗೆ ಸುಮಾರು 5 ಕಿಲೋ ಒಣಹುಲ್ಲು, ಅದನ್ನೂ ಮೂರು ನಾಲ್ಕು ಪಾಲು ಮಾಡಿ, ಹೊಟ್ಟೆ ಬಹಳ ಹೊತ್ತು ಬರಿದಾಗಿರದಂತೆ ಹಾಕಬೇಕು. ಇದನ್ನೇ ‘ಮೇವು ಕಡಿಮೆ ಮಾಡಿ’ ಎಂದು ಬರೆದರೆ ನಮ್ಮ ಕಡೆಯ ಓದುಗರಿಗೆ ಏನು ತಿಳಿಯುತ್ತದೆ? ಕೊಟ್ಟಿಗೆಯ ಮಾತಿನಲ್ಲಿ ಮೇವೆಂದರೆ ಹಸಿಹುಲ್ಲು, ಬೈಹುಲ್ಲು, ಕರಡ. ಹುರುಳಿ, ತೌಡು, ಹಿಂಡಿಗಳನ್ನು ಯಾರೂ ಮೇವೆಂದು ಕರೆಯುವುದಿಲ್ಲ. ಹೀಗಾಗಿ ಸಾಕಿದವರು ಹುಲ್ಲಿಗೆ ಕತ್ತರಿ ಹಾಕಿ, ಹುರುಳಿಯನ್ನು ಎಂದಿನಂತೆ ಬೇಯಿಸಿ ಇಡುವ ಸಂಭವವೇ ಹೆಚ್ಚು. ವೈದ್ಯರು ಹೇಳಿದ್ದಕ್ಕೆ ಇದು ತೀರ ತದ್ವಿರುದ್ಧ. ಪಶುಸಂಗೋಪನೆಯ ಬರಹಗಳಲ್ಲಿ ಹಸುಗಳ ಮಟ್ಟಿಗೆ ರೂಢಿಯಲ್ಲಿರುವ ‘ದಾಣಿ’ (ಹುಲ್ಲಲ್ಲದ ಕಾಳು, ಹಿಂಡಿ, ತೌಡುಗಳ ತಿನಿಸು) ಎಂಬ ಪದವನ್ನು ಇಲ್ಲಿಗೂ ತಂದು, ‘ದಾಣಿ ನಿಲ್ಲಿಸಿ, ಹುಲ್ಲು ತೂಗಿ ಕೊಡಿ’ ಎಂದು ಎರಡನ್ನೂ ಬೇರೆ ಬೇರೆಯಾಗಿ ಹೇಳುವುದೇ ಸರಿಯೆಂದು ನನಗೆ ತೋರುತ್ತದೆ. ಹಿಂದಿನ ಜಟಕಾ ಕುದುರೆಗೆ ಹುರುಳಿ ಸಲ್ಲುತ್ತಿತ್ತು, ಏಕೆಂದರೆ ಅದು ದಿನವಿಡೀ ದುಡಿಯುತ್ತಿತ್ತು; ಲಾಯದಲ್ಲೇ ನಿಂತಿರುವ ಇಂದಿನ ತಟ್ಟುವಿಗೆ ಅದೇ ಹುರುಳಿ ಬೇಕಿಲ್ಲ.

ಅದೇ ವಾಕ್ಯಕ್ಕೆ ಇನ್ನೊಂದು ಅಪಾಯವೂ ಇದೆ. ‘ಕಡಿಮೆ ಮಾಡಿ’ ಎಂಬುದನ್ನು ‘ಉಪವಾಸ ಕೆಡವಿ’ ಎಂದು ಓದಿಕೊಳ್ಳುವವರಿದ್ದಾರೆ. ‘ಲಂಘನಂ ಪರಮೌಷಧಂ’ ಎಂಬ ಮಾತು ನಮ್ಮ ಮನೆಗಳಲ್ಲಿ ಬಹಳ ಗಟ್ಟಿಯಾಗಿ ಬೇರೂರಿದೆ. ಮನುಷ್ಯರ ಮಾತು ಹಾಗಿರಲಿ, ಬೊಜ್ಜು ಬಂದ ತಟ್ಟುವಿಗಾಗಲಿ ಕತ್ತೆಗಾಗಲಿ ಲಂಘನ ಮಾಡಿಸಿದರೆ ಮೈಯ ಕೊಬ್ಬು ಒಮ್ಮೆಗೇ ಕರಗಿ ರಕ್ತಕ್ಕೆ ನುಗ್ಗುತ್ತದೆ, ಯಕೃತ್ತು ಅದನ್ನು ತಾಳಲಾರದೆ ಸೋಲುತ್ತದೆ, ಪ್ರಾಣಿ ಸತ್ತೇಹೋಗಬಹುದು. ಆದ್ದರಿಂದ ಶೀರ್ಷಿಕೆಗೆ ‘ಪಥ್ಯ’ ಎಂಬ ಪದವನ್ನು ಇಟ್ಟುಕೊಳ್ಳುವ ಯೋಚನೆಯಿದೆ. ಪಥ್ಯವೆಂದಾಗ ತಿನ್ನಬಾರದ್ದರ ಜೊತೆಗೆ ತಿನ್ನಬೇಕಾದದ್ದೂ ನೆನಪಿಗೆ ಬರುತ್ತದೆ. ಬಾಣಂತಿಯ ಪಥ್ಯವನ್ನು ಯಾರೂ ಉಪವಾಸವೆಂದು ತಿಳಿಯುವುದಿಲ್ಲ. ‘ಅಳತೆ ಮೇವು’ ಎಂಬುದು ನನ್ನ ಮುಂದಿರುವ ಇನ್ನೊಂದು ಆಯ್ಕೆ. ಅದು ತಕ್ಕಡಿಯನ್ನು ನೆನಪಿಸುತ್ತದೆ ಎಂಬ ಕಾರಣಕ್ಕೆ ಇಷ್ಟವಾಗುತ್ತದೆ, ಆದರೆ ದಾಣಿಯ ಪ್ರಶ್ನೆಯನ್ನು ಬಗೆಹರಿಸುವುದಿಲ್ಲ.

ಇನ್ನು ಕಾಯಿಲೆಯ ಹೆಸರು. ‘ಕುದುರೆಯ ಸಕ್ಕರೆ ಕಾಯಿಲೆ’ ಎಂದರೆ ಎಲ್ಲರಿಗೂ ಕೂಡಲೇ ತಿಳಿಯುತ್ತದೆ, ಆದರೆ ಅದು ನಿಜವಲ್ಲ. ಈ ಕುದುರೆಗಳ ರಕ್ತದಲ್ಲಿ ಸಕ್ಕರೆ ಸಾಮಾನ್ಯವಾಗಿ ಸರಿಯಾದ ಮಟ್ಟದಲ್ಲೇ ಇರುತ್ತದೆ, ಏರುವುದು ಇನ್ಸುಲಿನ್. ಸಕ್ಕರೆ ಪರೀಕ್ಷೆ ಮಾಡಿಸಿ ‘ಏನೂ ಇಲ್ಲ’ ಎಂದು ಸಮಾಧಾನಪಟ್ಟುಕೊಳ್ಳಲು ಈ ಹೆಸರೇ ದಾರಿ ಮಾಡಿಕೊಡುತ್ತದೆ. ‘ಇನ್ಸುಲಿನ್ ಏರುಪೇರು’ ಎಂದು ಬರೆಯೋಣವೆಂದಿದ್ದೇನೆ.

ಮೈಕಟ್ಟನ್ನು ಅಳೆಯಲು 1983ರಲ್ಲಿ ಹೆನೆಕೆ ಮತ್ತು ಸಂಗಡಿಗರು ರೂಪಿಸಿದ 1ರಿಂದ 9ರವರೆಗಿನ ಶ್ರೇಣಿ ಇಂದಿಗೂ ಬಳಕೆಯಲ್ಲಿದೆ. ಅದನ್ನು ‘ದೇಹಸ್ಥಿತಿ ಅಂಕ’ ಎಂದು ಅನುವಾದಿಸಿದರೆ ಶಾಲೆಯ ಅಂಕಪಟ್ಟಿ ಕಣ್ಣಮುಂದೆ ಬಂದು, 9ಕ್ಕೆ 9 ಬಂದ ಕುದುರೆಯೇ ಉತ್ತಮವೆನಿಸುತ್ತದೆ. ವಾಸ್ತವದಲ್ಲಿ 5ರ ಆಸುಪಾಸು ಇದ್ದರೆ ಒಳ್ಳೆಯದು, 9 ಎಂದರೆ ವಿಪರೀತ ಬೊಜ್ಜು. ‘ಮೈಕಟ್ಟಿನ ಮಟ್ಟ’ ಎಂದರೆ ಈ ಗೊಂದಲ ತಪ್ಪೀತೇ? ಕತ್ತಿನ ಮೇಲೆ, ಕೇಸರದ ಬುಡದಲ್ಲಿ ಗಟ್ಟಿಯಾಗಿ ಕೂಡುವ ಕೊಬ್ಬಿಗೂ ಒಂದು ಹೆಸರು ಬೇಕು. ಎತ್ತಿನ ಇಣಿಯನ್ನು ಮೆಚ್ಚುವ ಕಣ್ಣಿಗೆ ಅದೂ ಬಲದ ಗುರುತಾಗಿಯೇ ಕಾಣುವುದರಿಂದ, ಹೆಸರಿನಲ್ಲಿ ‘ಕೊಬ್ಬು’ ಎಂಬ ಪದ ಬಿಟ್ಟುಹೋಗಬಾರದು ಎಂಬುದು ನನ್ನ ನಿಲುವು.

ಇನ್ಸುಲಿನ್ ಏರಿದಾಗ ಬರುವ ದೊಡ್ಡ ಕಷ್ಟ ಗೊರಸಿನದು. ಗೊರಸಿನ ಗೋಡೆಗೂ ಒಳಗಿನ ಮೂಳೆಗೂ ಬೆಸುಗೆಯಂತಿರುವ ಪದರಗಳು ಹಿಗ್ಗಿ ಸಡಿಲಗೊಂಡು, ಕುದುರೆ ಹೆಜ್ಜೆಯಿಡಲಾರದೆ ಮುಂಗಾಲು ಚಾಚಿ, ಭಾರವನ್ನು ಹಿಂದಕ್ಕೆ ಹಾಕಿ ನಿಲ್ಲುತ್ತದೆ. ‘ಗೊರಸು ರೋಗ’ ಎಂದರೆ ದನ ಸಾಕಿದವರೆಲ್ಲ ಕಾಲುಬಾಯಿ ಜ್ವರವೆಂದುಕೊಳ್ಳುತ್ತಾರೆ, ಆದರೆ ಆ ಜ್ವರ ಕುದುರೆಗೆ ಬರುವುದೇ ಇಲ್ಲ. ‘ಗೊರಸಿನ ಉರಿಯೂತ’ ಎಂಬುದು ಪಠ್ಯಪುಸ್ತಕಕ್ಕೆ ಒಪ್ಪುತ್ತದೆ, ಆದರೂ ಇನ್ಸುಲಿನ್‌ನಿಂದ ಬರುವ ಬಗೆಯಲ್ಲಿ ಮೊದಲು ಆಗುವುದು ಉರಿಯೂತವಲ್ಲ, ಪದರಗಳ ಹಿಗ್ಗುವಿಕೆ. ‘ಗೊರಸುಪದರದ ಬೇನೆ’ ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ.

ಸಲಕರಣೆಗಳ ಮಟ್ಟಿಗೆ ನಮ್ಮ ಪದಗಳೇ ಸಾಲುತ್ತವೆ. ಹಸಿಹುಲ್ಲಿನ ಬಯಲಿಗೆ ಬಿಡುವಾಗ ಬಾಯಿಗೆ ಕಟ್ಟುವ ಸಾಧನಕ್ಕೆ ‘ಬಾಯಿಕುಕ್ಕೆ’ ಎನ್ನಬಹುದು. ಎತ್ತಿನ ಕುಕ್ಕೆ ತಿನ್ನುವುದನ್ನು ಪೂರ್ತಿ ತಡೆಯುತ್ತದೆ, ಕುದುರೆಯದರ ತಳದಲ್ಲಿ ಸಣ್ಣ ಕಿಂಡಿಯಿದ್ದು ಸ್ವಲ್ಪ ಸ್ವಲ್ಪವೇ ಹುಲ್ಲು ಸಿಗುತ್ತದೆ. ಹಾಗಾಗಿ ‘ಕಿಂಡಿಕುಕ್ಕೆ’ ಎಂದರೂ ಆದೀತು. ಒಣಹುಲ್ಲನ್ನು ಅರ್ಧದಿಂದ ಒಂದು ಗಂಟೆ ತಣ್ಣೀರಿನಲ್ಲಿ ನೆನೆಸಿದರೆ ಅದರ ಸಕ್ಕರೆಯಂಶ ಒಂದಿಷ್ಟು ನೀರಿಗೆ ಬಿಡುತ್ತದೆ. ಜೊತೆಗೆ ಖನಿಜಗಳೂ ಹೋಗುವುದರಿಂದ ಖನಿಜ ಮಿಶ್ರಣ ಕೊಡಬೇಕು. ಇಲ್ಲಿ ‘ನೀರು ಬಸಿಯಿರಿ’ ಎಂದಷ್ಟೇ ಬರೆದರೆ ಸಾಲದು. ಏನನ್ನೂ ಚೆಲ್ಲದ ಮಲೆನಾಡಿನ ಮನೆಯಲ್ಲಿ ಆ ನೀರು ಕಲಗಚ್ಚಿನ ಜೊತೆ ಸೇರಿ ಮತ್ತೆ ಅದೇ ಕುದುರೆಯ ಮುಂದೆ ಬರಬಹುದು. ‘ಆ ನೀರನ್ನು ಕುದುರೆಗೆ ಕುಡಿಸಬೇಡಿ’ ಎಂದು ಬಿಡಿಸಿ ಹೇಳುವೆ. ಮಳೆಗಾಲದ ಶೆಖೆಯಲ್ಲಿ ನೆನೆದ ಹುಲ್ಲು ಬೇಗ ಹುಳಿಯುತ್ತದೆ, ಆಯಾ ಹೊತ್ತಿನದನ್ನು ಆಗಲೇ ನೆನೆಸಬೇಕು ಎಂಬುದನ್ನೂ ಸೇರಿಸಬೇಕಾಗಿದೆ.

ತಮ್ಮಲ್ಲಿ ಕೇಳುವುದು ಇಷ್ಟು. ಹಿಂದೆ ಜಟಕಾ ಕುದುರೆ ಸಾಕಿದ್ದ ಮನೆತನಗಳಲ್ಲಿ, ಲಾಳ ಹೊಡೆಯುವವರಲ್ಲಿ, ಕುದುರೆ ಮುಂಗಾಲು ಊರಲಾರದೆ ನಿಲ್ಲುವ ಈ ಬೇನೆಗೆ ಯಾವ ಹೆಸರಿತ್ತು? ಕಡಿಮೆ ತಿಂದರೂ ಬೇಗ ಮೈ ತುಂಬಿಕೊಳ್ಳುವ ಪ್ರಾಣಿಯನ್ನು ಹೊಸನಗರ, ಸೊರಬದ ಕಡೆ ಒಂದೇ ಪದದಲ್ಲಿ ಏನೆನ್ನುತ್ತಾರೆ? ಮತ್ತು ‘ದಾಣಿ’ ಎಂದಾಗ ಅದರಲ್ಲಿ ಹುರುಳಿಯೂ ಸೇರಿತೆಂದು ತಮ್ಮ ಊರಿನಲ್ಲಿ ತಿಳಿಯುತ್ತಾರೆಯೇ, ಅಥವಾ ಅಂಗಡಿಯಿಂದ ತಂದ ಚೀಲದ ಆಹಾರಕ್ಕೆ ಮಾತ್ರ ಆ ಹೆಸರೇ?